ಹನ್ನೊಂದು ಸಿಪಾಯಿಗಳು

ಗುಡೂರಿನ ನೇಕಾರರ ಓಣಿಯಲ್ಲಿ ಒಂದು ಹಳೆಯ ಮನೆ. ಅದರ ಮಣ್ಣಿನ ಮಾಳಿಗೆಯನ್ನು ಇಳಿಸಿ ಸಿಮೆಂಟಿನ ತಾರಸಿ ಹಾಕಿಸಬೇಕೆಂದು ಮನೆಯ ಹಿರಿಯರು ಬಹುಕಾಲದಿಂದ ಹೇಳುತ್ತಲೇ ಬಂದಿದ್ದರು. ಕಡೆಗೆ ಕಳೆದ ಬೇಸಿಗೆಯಲ್ಲಿ ಅದಕ್ಕೆ ಕಾಲ ಕೂಡಿಬಂದಿತು. ಬೆಂಗಳೂರಿನಲ್ಲಿ ಬ್ಯಾಂಕಿನ ಉದ್ಯೋಗದಲ್ಲಿರುವ ಹಿರಿಯ ಮಗನು ಹೆಂಡತಿಯನ್ನೂ ಹತ್ತು ವರ್ಷದ ಹುಡುಗನನ್ನೂ ಕರೆದುಕೊಂಡು ಎಂಟು ದಿನಗಳ ರಜೆಯ ಮೇಲೆ ಊರಿಗೆ ಬಂದನು. ಅಟ್ಟವನ್ನು ಬರಿದುಮಾಡುವ ಕೆಲಸ ಅವನ ಪಾಲಿಗೆ ಬಂದಿತು. ಮೂರು ತಲೆಮಾರಿನ ಸಂಸಾರ ಅಟ್ಟವೇರಿಸಿದ ವಸ್ತುಗಳಿಗೆ ಲೆಕ್ಕವುಂಟೆ? ಮುರಿದ ಲಾಳಿಗಳು, ಬುಟ್ಟಿಯ ತುಂಬ ಖಾಲಿ ಕಂಡಿಕೆಗಳು, ತೂತುಬಿದ್ದ ಹಿತ್ತಾಳೆಯ ಕೊಡ, ಯಾರದೋ ಮದುವೆಯ ಬಾಸಿಂಗ. ಇವುಗಳ ಹಿಂದೆ, ಮೂಲೆಯಲ್ಲಿ, ತುಕ್ಕುಹಿಡಿದ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದು ನೋಡಿದರೆ ಒಳಗೆ ಹಸಿರು ಪ್ಲಾಸ್ಟಿಕ್ಕಿನ ಸಿಪಾಯಿಗಳು. ಒಬ್ಬೊಬ್ಬನೂ ಕಿರುಬೆರಳಿನಷ್ಟು ಎತ್ತರ. ಅಟ್ಟದ ಮೇಲೆಯೇ ಕುಳಿತು ಆತ ಎಣಿಸಿದನು. ಹನ್ನೊಂದು ಇದ್ದವು. ಹನ್ನೆರಡು ಇರಬೇಕಾಗಿತ್ತಲ್ಲ ಎಂದು ಒಂದು ಕ್ಷಣ ತಡವರಿಸಿದನು. ಮರುಕ್ಷಣ, ಹನ್ನೆರಡನೆಯವನು ಎಲ್ಲಿ ಹೋದನೆಂಬುದು ನೆನಪಾಯಿತು.

ಕೆಳಗಿಳಿದು ಅವುಗಳನ್ನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದಾಗ ಹುಡುಗನು ಮೊಬೈಲಿನಿಂದ ತಲೆಯೆತ್ತಿ ನೋಡಿದನು.

"ಇವು ಏನು ಮಾಡ್ತವೆ ಅಪ್ಪಾ?"

"ಏನೂ ಮಾಡೋದಿಲ್ಲ."

ಹುಡುಗ ಇನ್ನೂ ಸ್ವಲ್ಪ ಹೊತ್ತು ಕಾದು, ತಲೆ ತಗ್ಗಿಸಿದನು.

ಪ್ರಶ್ನೆಯಲ್ಲಿ ಅವಿವೇಕವೇನೂ ಇರಲಿಲ್ಲ. ಅವನು ಬಲ್ಲ ಆಟಿಕೆಗಳೆಲ್ಲ ತಾವಾಗಿಯೇ ಏನನ್ನಾದರೂ ಮಾಡತಕ್ಕವು. ಓಡುತ್ತವೆ, ಕೂಗುತ್ತವೆ, ಬಣ್ಣಬಣ್ಣದ ದೀಪ ಬೆಳಗುತ್ತವೆ. ನಿಲ್ಲಿಸಿದರೆ ನಿಲ್ಲುವ, ಕೆಡವಿದರೆ ಬೀಳುವ ವಸ್ತುವಿನೊಡನೆ ಒಂದು ಇಡೀ ಮಧ್ಯಾಹ್ನವನ್ನು ಕಳೆಯಬಹುದೆಂದರೆ ಅವನು ನಂಬಿಯಾನು ಹೇಗೆ?

ಪ್ಲಾಸ್ಟಿಕ್ಕಿನ ಸಿಪಾಯಿಗಳು ಬರುವುದಕ್ಕೆ ಮುಂಚೆ ಆ ಓಣಿಯಲ್ಲಿ ಸೈನ್ಯವೇ ಇರಲಿಲ್ಲವೆಂದಲ್ಲ. ಇಳಕಲ್ಲ ಸೀರೆ ನೇಯುವ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಖಾಲಿ ಕಂಡಿಕೆಗಳಿಗೇನು ಬರ? ಅವುಗಳನ್ನು ಮಗ್ಗದ ಕುಣಿಯ ಅಂಚಿಗೆ ಸಾಲುಗಟ್ಟಿ ನಿಲ್ಲಿಸಿದರೆ ಅದೇ ಪಟಾಲಮ್ಮು, ಲಾಳಿಯೇ ತೋಪು. ಸುಗ್ಗಿಯಲ್ಲಿ ಜೋಳದ ದಂಟು ಸೀಳಿ, ಒಳಗಿನ ಬೆಂಡನ್ನೂ ಹೊರಗಿನ ಸಿಪ್ಪೆಯನ್ನೂ ಜೋಡಿಸಿ ಬಂಡಿ ಮಾಡುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇನ್ನು ಮಳೆಗಾಲ ಬಂದರೆ ಮಣ್ಣಿನ ಕಾಲ. ಆ ಸೀಮೆಯವರು ಮಣ್ಣನ್ನು ಪೂಜಿಸುವಷ್ಟು ಬೇರೆ ಯಾರೂ ಪೂಜಿಸಲಿಕ್ಕಿಲ್ಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ದೇವರೂ ಆಟಿಕೆಯೂ ಒಂದೇ ಮುದ್ದೆಯಿಂದ ಎದ್ದುಬರುವಾಗ ಎಲ್ಲಿ ಪೂಜೆ ಮುಗಿಯಿತು, ಎಲ್ಲಿ ಆಟ ಆರಂಭವಾಯಿತು ಎಂದು ಹೇಳುವವರಾರು?

ಇವುಗಳಲ್ಲಿ ಹುಡುಗರಿಗೆ ಅತ್ಯಂತ ಪ್ರಿಯವಾದುದು ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣನ್ನು ಹದಗೊಳಿಸಿ ಜೋಡೆತ್ತು ಮಾಡಬೇಕು, ಮುಂದೊಂದು ಗೋದಲಿ ಇಡಬೇಕು. ಕಣ್ಣಿಗೆ ಗುಲಗಂಜಿ, ಕೊರಳಿಗೆ ಜೋಳದ ಕಾಳಿನ ಸರ. ಪೂಜೆಗೊಂಡ ಎತ್ತುಗಳನ್ನು ನೀರಿಗೆ ಬಿಡುವುದುಂಟು, ಮಾಳಿಗೆಯ ಮೇಲಿಟ್ಟು ಮಳೆಗೆ ಒಪ್ಪಿಸುವುದೂ ಉಂಟು. ಮರುದಿನದ ಸಂಭ್ರಮವೇ ಬೇರೆ. ಮಣ್ಣೆತ್ತೊಂದರ ಕಾಲು ಮುರಿದು, ಅದನ್ನು ಕುಂಟೆತ್ತು ಎಂದು ಕರೆದು, ಹಲಗೆಯ ಮೇಲಿಟ್ಟುಕೊಂಡು ಹುಡುಗರು ಮನೆಮನೆಗೆ ಹೊರಡುತ್ತಾರೆ. ಹಾಡು ಹೇಳಿ ಜೋಳ ಬೇಡುತ್ತಾರೆ. ಗಟ್ಟಿಮುಟ್ಟಾದ ಎತ್ತಿಗೆ ಯಾರೂ ಕಾಳು ನೀಡುವುದಿಲ್ಲ. ಕುಂಟೆತ್ತಿಗೆ ಇಲ್ಲವೆನ್ನುವ ಮನೆಯಿಲ್ಲ. ಕೂಡಿದ ಕಾಳಿನಿಂದ ಊಟ ಮಾಡಿ, ಎತ್ತನ್ನು ನೀರಿಗೆ ಬಿಟ್ಟು ಬಂದರೆ ಆ ವರ್ಷದ ಆಟ ತೀರಿತು. ಅದಕ್ಕಾಗಿ ಅತ್ತ ಹುಡುಗನನ್ನು ಯಾರೂ ಕಂಡಿಲ್ಲ. ಹೋದರೆ ಹೋಗಲಿ, ಮುಂದಿನ ವರ್ಷ ಮಣ್ಣು ಎಲ್ಲಿಗೆ ಹೋಗುತ್ತದೆ?

ಪ್ಲಾಸ್ಟಿಕ್ಕಿನ ಸಿಪಾಯಿಗಳು ಮಾತ್ರ ಈ ನಿಯಮಕ್ಕೆ ಒಳಪಡಲಿಲ್ಲ. ಅವು ಬಂದುದು ಬನಶಂಕರಿಯ ಜಾತ್ರೆಯಿಂದ. ಬಾದಾಮಿಯ ಬಳಿಯ ಚೊಳಚಗುಡ್ಡದಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ನಡೆಯುವ ಆ ಜಾತ್ರೆಯಲ್ಲಿ ದೊರೆಯದ ವಸ್ತುವಿಲ್ಲ. ಮನೆ ಕಟ್ಟುವವರಿಗೆ ಬಾಗಿಲು ಚೌಕಟ್ಟು, ರೈತರಿಗೆ ಎತ್ತು, ರಸಿಕರಿಗೆ ರಾತ್ರಿಯಿಡೀ ಕಂಪನಿ ನಾಟಕ. ಹಿರಿಯರು ಚೌಕಟ್ಟಿನ ದರ ಕಟ್ಟಿಸುತ್ತ ನಿಂತಾಗ ಎಂಟು ವರ್ಷದ ಹುಡುಗನು ಆಟಿಕೆಯ ಅಂಗಡಿಯ ಮುಂದೆ ನೆಲಕ್ಕೆ ಅಂಟಿಕೊಂಡನು. ದಾರಕ್ಕೆ ತೂಗುಹಾಕಿದ ಪೊಟ್ಟಣದೊಳಗೆ ಹನ್ನೆರಡು ಸಿಪಾಯಿಗಳು. ತಂದೆ ಬೈದನು, ತಾಯಿ ಎಳೆದಳು. ಕಡೆಗೆ ಅಜ್ಜಿಯ ಸೊಂಟದ ಚೀಲ ಬಿಚ್ಚಿತು. ಲೋಕದ ಅನೇಕ ಸೈನ್ಯಗಳು ಹೀಗೆ ಅಜ್ಜಿಯರ ಖರ್ಚಿನಲ್ಲಿಯೇ ಎದ್ದಿರಬೇಕು.

ಈ ಪುಟ್ಟ ಸಿಪಾಯಿಗಳ ವಂಶ ದೊಡ್ಡದು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ನರ ಮನೆತನದವರು ಒಳಗೆ ಟೊಳ್ಳಿರುವಂತೆ ಸೀಸದ ಸಿಪಾಯಿಗಳನ್ನು ಎರಕಹೊಯ್ಯುವ ವಿಧಾನವನ್ನು ತಂದರು. ಲೋಹ ಉಳಿಯಿತು, ಬೆಲೆ ಇಳಿಯಿತು. ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸನು ನೆಲದ ಮೇಲೆ ಕುಳಿತು ಇವುಗಳೊಡನೆ ಯುದ್ಧವಾಡಿ, ಆಟದ ನಿಯಮಗಳನ್ನೇ ಒಂದು ಪುಸ್ತಕವಾಗಿ 1913ರಲ್ಲಿ ಪ್ರಕಟಿಸಿದನು. ಮರುವರ್ಷವೇ ನಿಜವಾದ ಮಹಾಯುದ್ಧ ಬಂದಿತೆಂಬುದು ವಿಧಿಯ ವಿನೋದ. ಸೀಸ ವಿಷವೆಂದು ತಿಳಿದ ಮೇಲೆ ಪ್ಲಾಸ್ಟಿಕ್ ಅದರ ಸ್ಥಾನಕ್ಕೆ ಬಂದಿತು. 1964ರಲ್ಲಿ ಅಮೆರಿಕೆಯ ಹಾಸ್‌ಬ್ರೊ ಕಂಪನಿಯವರು ಒಂದು ಅಡಿ ಎತ್ತರದ, ಕೈಕಾಲು ಮಡಚುವ ಜಿ. ಐ. ಜೋ ಎಂಬ ಸಿಪಾಯಿಯನ್ನು ಹೊರತಂದರು. ಗೊಂಬೆ ಎಂದರೆ ಗಂಡುಹುಡುಗರು ಮುಟ್ಟಲಾರರೆಂದು ಅಂಜಿ ಅದಕ್ಕೆ ಆ್ಯಕ್ಷನ್ ಫಿಗರ್ ಎಂಬ ಹೊಸ ಹೆಸರನ್ನು ಕಟ್ಟಿದರು. ನಮ್ಮ ಭಾಷೆಗೆ ಇಂಥ ನಾಚಿಕೆ ಇಲ್ಲ. ಕಿನ್ನಾಳದ ಚಿತ್ರಗಾರರು ಹಗುರಾದ ಮರಕ್ಕೆ ಹುಣಿಸೆಬೀಜದ ಸರಿ ಬಳಿದು ಮಾಡುವ ಗರುಡನೂ ಗೊಂಬೆಯೇ, ಚನ್ನಪಟ್ಟಣದ ಅರಗಿನ ಬಣ್ಣದ ಕುದುರೆಯೂ ಗೊಂಬೆಯೇ. ಮೈಸೂರಿನ ಕಡೆ ದಸರೆಯ ಮೆಟ್ಟಿಲುಗಳ ಮೇಲೆ ಬಂದೂಕು ಹಿಡಿದು ಸಾಲುಗಟ್ಟುವ ಸಿಪಾಯಿಯೂ ಗೊಂಬೆಯೇ.

1987ರಲ್ಲಿ ಹಾಸ್‌ಬ್ರೊ ಮತ್ತು ಎಂ. ಆರ್. ಎಫ್. ಕಂಪನಿಗಳು ಜೊತೆಗೂಡಿ ಫನ್‌ಸ್ಕೂಲ್ ಎಂಬ ಸಂಸ್ಥೆಯನ್ನು ತೆರೆದ ಮೇಲೆ ಜಿ. ಐ. ಜೋ ಭಾರತದಲ್ಲಿಯೇ ತಯಾರಾಗತೊಡಗಿದನು; ಆದರೆ ಆ ಹೊತ್ತಿಗೆ ಅವನು ನಾಲ್ಕು ಅಂಗುಲಕ್ಕೂ ಕಡಿಮೆ ಎತ್ತರಕ್ಕೆ ಕುಗ್ಗಿದ್ದನು. ಗುಡೂರಿಗೆ ಅವನು ಒಮ್ಮೆ ಮಾತ್ರ ಬಂದನು, ಹುಬ್ಬಳ್ಳಿಯ ಸೋದರಮಾವನ ಮಗನ ಕಿಸೆಯಲ್ಲಿ. ಅವನ ಮೊಣಕಾಲು ಮಡಚುತ್ತಿತ್ತು! ಓಣಿಯ ಹುಡುಗರು ಸರದಿ ಹಿಡಿದು ಮಡಚಿ ನೋಡಿದರು. ಅಂದು ಸಂಜೆ ಹಸಿರು ಸಿಪಾಯಿಗಳ ಮರ್ಯಾದೆ ಬಹಳವಾಗಿ ತಗ್ಗಿತು. ಆದರೆ ಜೋ ಒಬ್ಬಂಟಿ. ಮೂರು ದಿನದಲ್ಲಿ ಹುಬ್ಬಳ್ಳಿಗೆ ಮರಳಿದನು. ಹನ್ನೆರಡು ಮಂದಿ ಅಲ್ಲಿಯೇ ಇದ್ದರು.

1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಆರಂಭವಾಯಿತು. ಹುಡುಗನಿಗೆ ಆಗ ಹತ್ತು ವರ್ಷ. ದೂರದರ್ಶನದ ವಾರ್ತೆಗೆ ಓಣಿಗೆ ಓಣಿಯೇ ಒಂದು ಮನೆಯಲ್ಲಿ ಸೇರುತ್ತಿತ್ತು. ರಸ್ತೆಗೆಂದು ತಂದು ಸುರಿದ ಗರಸಿನ ಗುಡ್ಡೆ ಒಂದು ದಿನ ತೊಲೊಲಿಂಗ್, ಇನ್ನೊಂದು ದಿನ ಟೈಗರ್ ಹಿಲ್. ಹನ್ನೆರಡು ಸಿಪಾಯಿಗಳು ಅದನ್ನು ದಿನಕ್ಕೆ ಮೂರು ಸಲ ಗೆದ್ದರು. ಎದುರಾಳಿಗಳಾಗಲು ಯಾರೂ ಒಪ್ಪದಿದ್ದುದರಿಂದ ಕಂಡಿಕೆಗಳನ್ನೇ ಶತ್ರುಗಳೆಂದು ನಿಲ್ಲಿಸಬೇಕಾಯಿತು. ಆದರೆ ಆ ಓಣಿಯ ತುದಿಯ ಮನೆಯ ಮಗನೊಬ್ಬನು ನಿಜವಾಗಿ ಸೈನ್ಯದಲ್ಲಿದ್ದನು. ಅವನ ತಾಯಿ ವಾರ್ತೆಗೆ ಬರುತ್ತಿರಲಿಲ್ಲ. ಹುಡುಗರ ಗದ್ದಲ ಅವಳ ಬಾಗಿಲವರೆಗೆ ಹೋದಾಗ ಎದ್ದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅದು ಏಕೆಂದು ಕೇಳುವ ವಯಸ್ಸು ಯಾರಿಗೂ ಆಗಿರಲಿಲ್ಲ.

ಆತ ಬದುಕಿ ಬಂದನು. ನೆಲಬಾಂಬಿನಿಂದ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಪುಣೆಯಲ್ಲಿ ಸೈನ್ಯದವರ ಕೃತಕ ಅಂಗ ಕೇಂದ್ರದಲ್ಲಿ ಕಾಲು ಕಟ್ಟಿಸಿಕೊಂಡು, ಅದರ ಮೇಲೆ ನಡೆಯುವುದನ್ನು ಕಲಿತು, ಮರುವರ್ಷ ಮುಂಗಾರಿನ ಹೊತ್ತಿಗೆ ಗುಡೂರಿನ ಬಸ್ಸಿನಿಂದ ಇಳಿದನು. ಕೆಲವೇ ದಿನಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು.

ಆ ವರ್ಷ ಕುಂಟೆತ್ತಿನ ಮೇಳಕ್ಕೆ ಈ ಹುಡುಗನೇ ಮುಂದಾಳು. ಎತ್ತು ಅವನ ಕೈಯಲ್ಲಿತ್ತು. ಕಾಲು ಮುರಿಯಬೇಕಾದವನೂ ಅವನೇ. ಬೆರಳು ಬರಲಿಲ್ಲ. ಯಾಕೆಂದು ಸಂಗಡಿಗರಿಗೆ ಹೇಳಲೂ ಬರಲಿಲ್ಲ. ಹಾಗೆಯೇ ನಾಲ್ಕು ಕಾಲಿನ ಎತ್ತನ್ನು ಹಲಗೆಯ ಮೇಲಿಟ್ಟುಕೊಂಡು ಹೊರಟರು. ಮೊದಲ ಹತ್ತು ಮನೆಗಳಲ್ಲಿ ಯಾರೂ ಗಮನಿಸಲಿಲ್ಲ. ಓಣಿಯ ತುದಿಗೆ ಬಂದಾಗ ಹಾಡು ತಾನಾಗಿಯೇ ನಿಂತಿತು. ಹುಡುಗರು ಸದ್ದಿಲ್ಲದೆ ಆ ಮನೆಯನ್ನು ದಾಟುವ ಯೋಚನೆಯಲ್ಲಿದ್ದರು.

"ಯಾಕ್ರೋ, ನಮ್ಮ ಮನೀಗೆ ಯಾಕ ಬರವಲ್ರಿ?" ಕಟ್ಟೆಯ ಮೇಲಿಂದ ಧ್ವನಿ ಬಂದಿತು. "ಹಾಡ್ರಿ, ಕೇಳೂಣು."

ಯಾರೂ ಬಾಯಿ ತೆರೆಯಲಿಲ್ಲ. ಆತ ಗೋಡೆ ಹಿಡಿದು ಎದ್ದು, ಮೆಟ್ಟಿಲು ಇಳಿದು ಬಂದು, ಹಲಗೆಯ ಮೇಲಿನ ಎತ್ತನ್ನು ನೋಡಿದನು.

"ಇದೇನೋ ತಮ್ಮಾ, ನಾಕೂ ಕಾಲು ಅದಾವಲ್ಲ! ಇದಕ್ಕ ಯಾರು ಜ್ವಾಳ ನೀಡ್ತಾರ?"

ಹುಡುಗ ನೆಲ ನೋಡಿದನು. ಆತ ಎತ್ತನ್ನು ಕೈಗೆ ತೆಗೆದುಕೊಂಡು, ಬಲಗಾಲನ್ನು ಮೊಣಕಾಲಿನ ಬಳಿ ಮೆಲ್ಲನೆ ಮುರಿದು, ಮತ್ತೆ ಹಲಗೆಯ ಮೇಲಿಟ್ಟನು. "ಹಂ, ಈಗ ಹಾಡ್ರಿ." ಹಾಡಿದರು. ಅವನ ತಾಯಿ ಮೊರದ ತುಂಬ ಜೋಳ ತಂದು ನೀಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಹುಡುಗ ತನ್ನ ಡಬ್ಬಿಯನ್ನು ತೆಗೆದುಕೊಂಡು ಆ ಕಟ್ಟೆಗೆ ಹೋದನು. ಆತ ಒಬ್ಬೊಬ್ಬ ಸಿಪಾಯಿಯನ್ನೂ ಎತ್ತಿ, ತಿರುಗಿಸಿ ನೋಡಿದನು. ಒಬ್ಬ ನಿಂತು ಗುಂಡು ಹೊಡೆಯುವವನು, ಒಬ್ಬ ಮಲಗಿ ಹೊಡೆಯುವವನು, ಒಬ್ಬ ಕೈಬಾಂಬು ಎಸೆಯುವವನು.

"ಎಲ್ಲಾರೂ ಹೊಡಿಯವರ ಅದಾರಲ್ಲೋ! ಇವರಿಗೆ ರೊಟ್ಟಿ ಯಾರು ಬಡೀತಾರ? ಊರಿಗೆ ಕಾಗದ ಯಾರು ಬರೀತಾರ?"

ಹುಡುಗನಿಗೆ ಇದು ಹೊಳೆದಿರಲಿಲ್ಲ. ಕಡೆಯಲ್ಲಿ, ಮಂಡಿಯೂರಿ ವೈರ್‌ಲೆಸ್ಸನ್ನು ಕಿವಿಗೆ ಹಿಡಿದ ಒಬ್ಬನು ಕೈಗೆ ಬಂದಾಗ ಆತ ನಕ್ಕನು. "ಇಂವ ನಾನು ನೋಡು. ನನ್ನ ಕೆಲಸ ಇದ ಇತ್ತು." ಹುಡುಗ ಆ ಸಿಪಾಯಿಯನ್ನು ಅವನ ಕೈಯಲ್ಲಿಯೇ ಬಿಟ್ಟು ಬಂದನು. ಅಂದಿನಿಂದ ಡಬ್ಬಿಯಲ್ಲಿ ಹನ್ನೊಂದು. ಹಾಗೆಂದು ಗರಸಿನ ಗುಡ್ಡೆಯ ಯುದ್ಧಗಳು ನಿಂತುವೆಂದು ತಿಳಿಯಬೇಕಾಗಿಲ್ಲ. ಹತ್ತು ಹನ್ನೊಂದು ವರ್ಷದ ಹುಡುಗರು ಅಷ್ಟು ಬೇಗ ಸುಧಾರಿಸುವುದಿಲ್ಲ. ಆದರೆ ಮುಂದಿನ ಕಾಳಗಗಳಲ್ಲಿ ಒಂದು ಕಂಡಿಕೆ ಶತ್ರುಪಕ್ಷವನ್ನು ಬಿಟ್ಟು ಈ ಕಡೆಗೆ ಬಂದು ಅಡಿಗೆಯವನಾಯಿತು.

ಆಮೇಲೆ ಜಾತ್ರೆಯ ಅಂಗಡಿಗಳಿಗೆ ಚೀನಾದ ಆಟಿಕೆಗಳು ನುಗ್ಗಿದವು; ಬ್ಯಾಟರಿ ತೀರುವವರೆಗೆ ಕುಣಿದು ಸತ್ತವು. 2020ರಲ್ಲಿ ಸರಕಾರ ಆಮದು ಸುಂಕವನ್ನು ಏರಿಸಿತು. 2021ರಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ, ಸುಮಾರು 400 ಎಕರೆಯಲ್ಲಿ, ಆಟಿಕೆ ತಯಾರಿಕೆಯ ಕಾರ್ಖಾನೆಗಳಿಗೆ ಅಡಿಗಲ್ಲು ಬಿದ್ದಿತು. ಕಿನ್ನಾಳದ ಜಿಲ್ಲೆಗೇ ಪ್ಲಾಸ್ಟಿಕ್ಕು ಬಂದಿತೆಂದು ಮರುಗುವವರು ಮರುಗಲಿ, ಅಲ್ಲಿ ದುಡಿಯಲು ಹೋಗುವ ಹೆಣ್ಣುಮಕ್ಕಳನ್ನೂ ಒಂದು ಮಾತು ಕೇಳಿ ಮರುಗುವುದು ಒಳ್ಳೆಯದು. ಅಷ್ಟರಲ್ಲಿ ಮಕ್ಕಳ ಸೈನ್ಯವೆಲ್ಲ ಮೊಬೈಲಿನೊಳಗೆ ಹೊಕ್ಕಿತ್ತು. ನೂರು ಮಂದಿ ವಿಮಾನದಿಂದ ದ್ವೀಪವೊಂದಕ್ಕೆ ಧುಮುಕಿ, ಒಬ್ಬನುಳಿಯುವವರೆಗೆ ಕಾದುವ ಪಬ್ಜಿ ಎಂಬ ಆಟವನ್ನು ಭಾರತ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಮರುವರ್ಷ ಅದು ಬೇರೆ ಹೆಸರಿನಿಂದ ಬಂದಿತು.

ತಾರಸಿಯ ಕೆಲಸ ನಡೆದಿದ್ದ ದಿನಗಳಲ್ಲಿ ಒಂದು ಸಂಜೆ ತಂದೆ ಮಗನನ್ನು ಕರೆದುಕೊಂಡು ಓಣಿಯ ತುದಿಗೆ ಹೋದನು. ಮಾಜಿ ಸೈನಿಕರು ಈಗ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಬ್ಬಿನವರೆಗೆ ಜೋಳದ ಹಿಟ್ಟು. ಕ್ಷೇಮಸಮಾಚಾರಗಳಾದ ಮೇಲೆ ಹನ್ನೆರಡನೆಯ ಸಿಪಾಯಿಯ ಮಾತು ಬಂದಿತು.

"ಯಾವ ಸಿಪಾಯಿ?" ಅವರು ಯೋಚಿಸಿದರು. "ನೆನಪಿಲ್ಲೋ ತಮ್ಮಾ. ಮಕ್ಕಳು ಮೊಮ್ಮಕ್ಕಳು ಆಡಿ ಒಗೆದಿರಬೇಕು. ಕುಂಟೆತ್ತು ನೆನಪೈತಿ. ಕಾಲು ಮುರಿಯಾಕ ಒಲ್ಲೆ ಅಂತ ನಿಂತಿದ್ದಿ."

ಹುಡುಗ ಬಾಗಿಲ ಬಳಿಯ ಜೋಳದ ಚೀಲದ ಮೇಲೆ ಕುಳಿತು ಮೊಬೈಲು ಹಿಡಿದಿದ್ದನು. ಅವರು ಬಗ್ಗಿ ನೋಡಿದರು. ಪರದೆಯ ಮೇಲೆ ಹುಲ್ಲಿನಲ್ಲಿ ಸಿಪಾಯಿಯೊಬ್ಬನು ಓಡುತ್ತಿದ್ದನು. ಎಲ್ಲಿಂದಲೋ ಗುಂಡು ಬಂದಿತು, ಬಿದ್ದನು.

"ಸತ್ನೇನು?"

"ಹೂಂ ಅಜ್ಜಾ."

"ಮತ್ತ ಏಳ್ತಾನೇನು?"

"ಹೊಸ ಆಟ ಶುರು ಮಾಡಿದರೆ ಏಳ್ತಾನೆ."

"ಚಲೋ ಆತು," ಎಂದರು ಅವರು. ಹೊರಗೆ ಹೆಂಗಸೊಬ್ಬಳು ಬುಟ್ಟಿ ಇಳಿಸುತ್ತಿದ್ದಳು. ಕಾಲನ್ನು ಸ್ವಲ್ಪ ಎಳೆಯುತ್ತ ಹೋಗಿ, ಗಿರಣಿಯ ಪಟ್ಟಾ ಏರಿಸಿ, ಗುಂಡಿ ಒತ್ತಿದರು. ಆಮೇಲೆ ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸಲಿಲ್ಲ.