ಡಿಸ್ಕು, ದ್ರಾಕ್ಷಿ ಮತ್ತು ಕಾಕಾನ ಕೆಂಪು ಪುಸ್ತಕ

ಬರೆಯದೆ ಎಷ್ಟೋ ತಿಂಗಳಾಯ್ತು. ಸೋಮಾರಿತನ ಅಂತ ಒಪ್ಪಿಕೊಂಡುಬಿಡ್ತೀನಿ, ಕೆಲಸದ ಒತ್ತಡ ಗಿತ್ತಡ ಅಂತ ಸುಳ್ಳು ಹೇಳಲ್ಲ :) ಇವತ್ತಿನದು ಸ್ವಲ್ಪ ಕಂಪ್ಯೂಟರ್ ವಿಷಯ, ಸ್ವಲ್ಪ ಮನೆ ವಿಷಯ. ಕಂಪ್ಯೂಟರ್ ಅಂದ್ರೆ ಓಡಿಹೋಗುವವರು ನಡುನಡುವೆ ಹಾರಿಸಿ ಓದಬಹುದು, ಬೇಜಾರಿಲ್ಲ.

ನಮ್ಮ ವಿಜಯಪುರದ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ಅಡಗಲಿ ಕೋಣೆಯಲ್ಲಿ, ಒಂದು ಸರ್ವರ್ ಇದೆ. ಸರ್ವರ್ ಅಂದ ಕೂಡಲೇ ದೊಡ್ಡದೇನೋ ಅಂದ್ಕೋಬೇಡಿ. ಯಾವುದೋ ಆಫೀಸಿನವರು ಹಳೇದಾಯ್ತು ಅಂತ ಮಾರಿದ ಡೆಸ್ಕ್‌ಟಾಪು. ಅದಕ್ಕೆ 16 ಜಿಬಿ ರ‍್ಯಾಮು, 4 ಟಿಬಿಯ ಒಂದು ಹೊಸ ಹಾರ್ಡ್ ಡಿಸ್ಕ್ ಹಾಕಿ, ಕೆವಿಎಂ ಇಟ್ಟು, ಅದರೊಳಗೆ ನಾಲ್ಕು ವರ್ಚುವಲ್ ಯಂತ್ರ ಮಾಡಿದ್ದೆ. ಒಂದೇ ಪೆಟ್ಟಿಗೆಯೊಳಗೆ ನಾಲ್ಕು ಕಂಪ್ಯೂಟರು ಇದ್ದ ಹಾಗೆ, ಒಂದು ವಾಡೆಯೊಳಗೆ ನಾಲ್ಕು ಸಂಸಾರ. ಮೊದಲನೆಯದು ಮನೆಯವರ ಫೋಟೋಗಳಿಗೆ. ಎರಡನೆಯದು ವಿಂಡೋಸು, ಅಪ್ಪ ನುಡಿಯಲ್ಲಿ ಬರೆದಿಟ್ಟ ಹಳೆಯ ಕಡತಗಳನ್ನ ತೆರೆಯೋಕೆ (ಯೂನಿಕೋಡಿಗೆ ಬದಲಾಯಿಸ್ತೀನಿ ಅಂತ ಹತ್ತು ವರ್ಷದಿಂದ ಹೇಳ್ತಾ ಇದ್ದೀನಿ). ಮೂರನೆಯದು ತಿಕೋಟಾದ ನಮ್ಮ ಕಾಕಾನ ಮಣೂಕ ಶೆಡ್ಡಿನ ಎರಡು ಕ್ಯಾಮೆರಾಗಳ ರೆಕಾರ್ಡಿಂಗಿಗೆ. ನಾಲ್ಕನೆಯದು ಅದೇ ಶೆಡ್ಡಿನ ತೂಕದ ಲೆಕ್ಕಕ್ಕೆ. ಈ ನಾಲ್ಕನೆಯದೇ ಇವತ್ತಿನ ಕಥೆ.

ದಕ್ಷಿಣದ ಗೆಳೆಯರಿಗೆ ಮಣೂಕ ಅಂದ್ರೆ ಗೊತ್ತಾಗಲಿಕ್ಕಿಲ್ಲ. ಒಣದ್ರಾಕ್ಷಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ, ಬಬಲೇಶ್ವರದ ಕಡೆ ಹೋದ್ರೆ ಹೊಲದ ಬದಿಗೆಲ್ಲ ಉದ್ದುದ್ದ ಶೆಡ್ಡು ಕಾಣಿಸ್ತವೆ. ಹಣ್ಣನ್ನ ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ನೆರಳಲ್ಲಿ ಹರವ್ತಾರೆ. ಸುಮಾರು ಎರಡು ವಾರದಲ್ಲಿ ಒಣಗುತ್ತೆ. ನಾಲ್ಕು ಕೆಜಿ ಹಣ್ಣಿಗೆ ಹೆಚ್ಚೂಕಡಿಮೆ ಒಂದು ಕೆಜಿ ಮಣೂಕ. ಸ್ವಂತ ಶೆಡ್ಡಿಲ್ಲದವರು ಕಾಕಾನ ಶೆಡ್ಡಿಗೆ ತಂದು ಹಾಕಿ ಬಾಡಿಗೆ ಕೊಡ್ತಾರೆ. ಹಣ್ಣು ಎಷ್ಟು ಬಂತು ಅನ್ನೋ ಲೆಕ್ಕದ ಮೇಲೇ ಎಲ್ಲಾ ನಿಂತಿದೆ. ಬಾಡಿಗೆಯೂ ಅದರ ಮೇಲೆ, ವಾಪಸ್ ಎಷ್ಟು ಮಣೂಕ ಬರಬೇಕು ಅನ್ನೋದೂ ಅದರ ಮೇಲೆ.

ಕಾಕಾ ಈ ಲೆಕ್ಕವನ್ನ ಉದ್ದನೆಯ ಕೆಂಪು ಬಟ್ಟೆ ರಟ್ಟಿನ ಪುಸ್ತಕದಲ್ಲಿ ಬರೀತಿದ್ದ. ಅದನ್ನ ಬಿಡಿಸಿದವನು ನಾನೇ. "ಈಗಿನ ಕಾಲದಾಗ ಪುಸ್ತಕ ಯಾಕ ಕಾಕಾ, ಫೋನಿನ್ಯಾಗ ಹಾಕ್ರಿ" ಅಂತ ಒಂದು ಚಿಕ್ಕ ತಂತ್ರಾಂಶ ಬರೆದುಕೊಟ್ಟೆ. ಶೆಡ್ಡಿನಲ್ಲಿ ಕಾಕಾನ ಮಗ ಫೋನಲ್ಲಿ ತೂಕ ಒತ್ತಿದ್ರೆ ವಿಜಯಪುರದ ನಮ್ಮ ಮನೆಯ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬಂದು ಬೀಳುತ್ತೆ. 2024ರ ಫೆಬ್ರವರಿಯಲ್ಲಿ ಶುರು ಮಾಡಿದ್ವಿ. ಮೊದಲ ಎರಡು ವಾರ ಚೆನ್ನಾಗಿತ್ತು. ಮಾರ್ಚಿನಲ್ಲಿ ಫೋನ್ ಬರೋಕೆ ಶುರುವಾಯ್ತು.

"ಅಣ್ಣಾ, ಒತ್ತೀನಿ, ಗಾಲಿ ತಿರಗಾಕತ್ತೈತಿ. ಟ್ರ್ಯಾಕ್ಟರ್ ಸಾಲಾಗಿ ನಿಂತಾವ. ಜನ ಬೈಯಾಕತ್ತಾರ."

"ನೆಟ್‌ವರ್ಕ್ ನೋಡೋ."

"ನೆಟ್‌ವರ್ಕ್ ಐತಣ್ಣಾ. ವಿಡಿಯೋ ಬರಾಕತ್ತೈತಿ, ನಿನ್ ಆ್ಯಪ್ಪ ಬರವಲ್ದು."

ಒಂದು ವಾರ ನಾನು ನೆಟ್‌ವರ್ಕಿನ ಮೇಲೇ ಹಾಕಿದೆ. ಗಣಕಯಂತ್ರದವರ ಮೊದಲನೇ ಅಭ್ಯಾಸವೇ ಅದು, ತಪ್ಪು ಇನ್ನೊಬ್ಬರ ಅಂಗಳದಲ್ಲಿದೆ ಅನ್ನೋದು. ಕೊನೆಗೆ ಒಂದು ಸಂಜೆ ಕುಳಿತು ಐಒಸ್ಟ್ಯಾಟ್ ಓಡಿಸಿದೆ. ಪ್ರೊಸೆಸರು ಆರಾಮಾಗಿ ಮಲಗಿದೆ. ಡಿಸ್ಕು ಮಾತ್ರ ನೂರಕ್ಕೆ ನೂರು ಮಗ್ನ, ಒಂದೊಂದು ಬರಹಕ್ಕೆ ಎರಡೆರಡು ಸೆಕೆಂಡು ಕಾಯುವಿಕೆ. ಆದರೆ ಡಿಸ್ಕಿಗೆ ಹೋಗ್ತಿರೋ ಮಾಹಿತಿ ಎಷ್ಟು ಅಂತ ನೋಡಿದ್ರೆ ಸೆಕೆಂಡಿಗೆ ಒಂದು ಎಂಬಿಯೂ ಇಲ್ಲ! ಡಿಸ್ಕ್ ತಂದ ದಿನ ಪರೀಕ್ಷೆ ಮಾಡಿದಾಗ 160 ಎಂಬಿ ತೋರಿಸಿತ್ತಲ್ಲ?

ಇಲ್ಲೊಂದು ಸಣ್ಣ ಲೆಕ್ಕ ಇದೆ, ತುಂಬಾ ಜನ ಎಡವೋದು ಇಲ್ಲೇ. ಆ 160 ಎಂಬಿ ಒಂದೇ ದೊಡ್ಡ ಕಡತವನ್ನ ಸಾಲಾಗಿ ಬರೆದಾಗ. ವರ್ಚುವಲ್ ಯಂತ್ರಗಳು ಹಾಗೆ ಬರೆಯಲ್ಲ. ನಾಲ್ಕೂ ಜನ ನಾಲ್ಕು ಮೂಲೆಯಲ್ಲಿ ಚೂರುಚೂರು ಬರೀತಾರೆ. ನನ್ನ ಡಿಸ್ಕು ನಿಮಿಷಕ್ಕೆ 5400 ಸುತ್ತು, ಅಂದ್ರೆ ಸೆಕೆಂಡಿಗೆ 90, ಒಂದು ಸುತ್ತಿಗೆ 11 ಮಿಲಿಸೆಕೆಂಡು. ಮುಳ್ಳು ಆ ಮೂಲೆಯಿಂದ ಈ ಮೂಲೆಗೆ ಹೋಗಬೇಕು, ಹೋಗಿ ಜಾಗ ತಿರುಗಿ ಬರೋವರೆಗೆ ಕಾಯಬೇಕು. ಸೆಕೆಂಡಿಗೆ 80 ಸಲ ಆದ್ರೆ ದೊಡ್ಡದು. ಒಂದೊಂದು ಸಲಕ್ಕೆ 4 ಕೆಬಿ ಅಂದ್ರೂ 320 ಕೆಬಿ. ಮುಗೀತು. ಬಾವಿ ಎಷ್ಟೇ ದೊಡ್ಡದಿರಲಿ, ಹಗ್ಗ ಒಂದೇ, ಕೊಡ ನಾಲ್ಕು ಮನೆಯದು.

ಆದ್ರೂ ಎರಡು ಸೆಕೆಂಡು ಕಾಯೋದು ಅಂದ್ರೆ ಈ ಲೆಕ್ಕಕ್ಕೂ ಸಿಗದ ಮಾತು. ಅಷ್ಟು ತಿಳಿದಿದ್ದೂ ನಾನು ಅಲ್ಲಿ ನಿಲ್ಲಲಿಲ್ಲ ನೋಡಿ. ಅವಸರ. ವಿಂಡೋಸ್ ಯಂತ್ರಕ್ಕೆ ಡಿಸ್ಕನ್ನ ಐಡಿಇ ಅಂತ ತೋರಿಸಿದ್ದೆ, ಅದನ್ನ ವರ್ಟ್‌ಐಒಗೆ ಬದಲಾಯಿಸಿದೆ. ಐಡಿಇ ಅಂದ್ರೆ ಹಳೇ ಕಾಲದ ಡಿಸ್ಕಿನ ವೇಷ, ಪ್ರತಿ ಮಾತಿಗೂ ನಾಟಕ ಆಡಬೇಕು. ವರ್ಟ್‌ಐಒದಲ್ಲಿ ಒಳಗಿನ ಯಂತ್ರಕ್ಕೆ ತಾನು ವರ್ಚುವಲ್ ಅಂತ ಗೊತ್ತಿರುತ್ತೆ, ನೇರ ವ್ಯವಹಾರ. ಸ್ವಲ್ಪ ಸುಧಾರಿಸ್ತು. ಹಳೇ ಸ್ನ್ಯಾಪ್‌ಶಾಟ್ ಎರಡು ಬಿದ್ದಿದ್ವು, ಅಳಿಸಿದೆ. ರಾತ್ರಿಯ ಬ್ಯಾಕಪ್ಪು ಬೆಳಗಾದ್ರೂ ಮುಗೀತಿರಲಿಲ್ಲ. ಅದೂ ಡಿಸ್ಕನ್ನ ತಿನ್ನುತ್ತೆ ಅಂತ ನಿಲ್ಲಿಸಿ, "ಬಿಡುವಾದಾಗ ನಾನೇ ಕೈಯಾರೆ ತಗೋತೀನಿ" ಅಂದ್ಕೊಂಡೆ.

ಆಮೇಲೆ ಆ ಒಂದು ಸಾಲು ಬದಲಾಯಿಸಿದೆ. ಲೆಕ್ಕದ ಯಂತ್ರದ ಕ್ಯಾಷ್ ಅನ್ನೋ ಕಡೆ "ಅನ್‌ಸೇಫ್" ಅಂತ ಇಟ್ಟೆ. ಹೆಸರಲ್ಲೇ ಇದೆ, ಯಾರೂ ಬಚ್ಚಿಟ್ಟು ಮೋಸ ಮಾಡಿಲ್ಲ. ನಲವತ್ತು ಸೆಕೆಂಡು ತಗೋತಿದ್ದದ್ದು ಕಣ್ಣು ಮಿಟುಕಿಸೋದ್ರೊಳಗೆ ಆಗ್ತಿತ್ತು. ಕಾಕಾ ಫೋನ್ ಮಾಡಿ, "ಏನ್ ಮಾಡಿದ್ಯೋ ತಮ್ಮಾ, ಗಾಳಿ ಆಗೇತಿ ನೋಡು" ಅಂದ. ನಾನು ಉಬ್ಬಿಹೋದೆ.

ಏನು ಮಾಡಿದ್ದೆ ಅಂತ ಹೇಳೋಕೆ ನಮ್ಮೂರಿನ ಒಂದು ಉದಾಹರಣೆ ಕೊಡ್ತೀನಿ. ಆದಿಲ್‌ಶಾಹಿ ಕಾಲದಲ್ಲಿ ಊರಿಗೆ ನೀರು ಬರ್ತಿದ್ದದ್ದು ತೊರವಿಯಿಂದ (ತೊರವೆ ರಾಮಾಯಣದ ಅದೇ ತೊರವಿ, ತಿಕೋಟಾಕ್ಕೆ ಹೋಗೋ ದಾರಿಯಲ್ಲೇ ಸಿಗುತ್ತೆ), ಆಮೇಲೆ ಬೇಗಂ ತಲಾಬಿನಿಂದ. ನೆಲದೊಳಗೆ ಮಣ್ಣಿನ ಕೊಳವೆ, ನಡುನಡುವೆ ಗಂಜ್ ಅನ್ನೋ ಕಲ್ಲಿನ ಗೋಪುರ. ನೀರು ಗಂಜ್ ಏರಿ, ರಭಸ ಇಳಿಸಿಕೊಂಡು, ಕಸ ತಳಕ್ಕೆ ಬಿಟ್ಟು, ಮುಂದೆ ಹೋಗ್ತಿತ್ತು. ಈಗಲೂ ಊರಲ್ಲಿ ಕೆಲವು ನಿಂತಿವೆ. ಕಂಪ್ಯೂಟರಿನ ಕ್ಯಾಷ್ ಅಂದ್ರೆ ಈ ಗಂಜೇ. ಬರಹ ಮೊದಲು ರ‍್ಯಾಮಿನಲ್ಲಿ ನಿಂತು, ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಇಳಿಯುತ್ತೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಡೇಟಾಬೇಸು ಒಂದು ತೂಕ ಬರೆದ ಮೇಲೆ "ನಿಜವಾಗ್ಲೂ ಡಿಸ್ಕಿಗೆ ಮುಟ್ತಾ?" ಅಂತ ಕೇಳುತ್ತೆ. ಫ್ಲಶ್ ಅಂತಾರೆ ಅದಕ್ಕೆ. ಮುಟ್ಟಿತು ಅಂತ ಉತ್ತರ ಬಂದ ಮೇಲೇ ಫೋನಿಗೆ ಸರಿ ಅನ್ನುತ್ತೆ. ಅನ್‌ಸೇಫ್ ಅಂದ್ರೆ ಕೆಳಗಿನವನು ಈ ಪ್ರಶ್ನೆಗೆ ಕಿವಿಯೇ ಕೊಡದೆ "ಮುಟ್ತು ಮುಟ್ತು" ಅನ್ನೋದು. ನೀರು ಇನ್ನೂ ಗಂಜಿನಲ್ಲಿದೆ, ಇವನು ಮನೆಮನೆಗೆ ಹೋಗಿ ಹಂಡೆ ತುಂಬಿದೆ ಅಂತ ಸಾರಿಬಿಟ್ಟ.

ಏಪ್ರಿಲ್ ಎರಡನೇ ವಾರ ಒಂದು ಸಂಜೆ ಗಾಳಿ ಎದ್ದು ಮಳೆ ಬಂತು. ಮಣೂಕದವರಿಗೆ ಏಪ್ರಿಲ್ ಮಳೆ ಅಂದ್ರೆ ಎದೆ ಝಲ್ಲೆನ್ನುತ್ತೆ, ಕಾಕಾ ಶೆಡ್ಡಿನ ಪರದೆ ಇಳಿಸೋ ಗಡಿಬಿಡಿಯಲ್ಲಿದ್ದ. ಇಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಇಪ್ಪತ್ತು ನಿಮಿಷ ತಡೀಬೇಕಿತ್ತು, ಬ್ಯಾಟರಿ ಹಳೇದು, ಮೂರು ನಿಮಿಷಕ್ಕೆ ಕೂಗಿ ಸತ್ತಿತು. ಕತ್ತಲಲ್ಲಿ ನಾನು ಮೊಬೈಲ್ ಬೆಳಕು ಹಿಡಿದು ಅಡಗಲಿ ಕೋಣೆಗೆ ಹೋಗೋದ್ರೊಳಗೆ ಎಲ್ಲಾ ನಿಶ್ಶಬ್ದ.

ಕರೆಂಟ್ ಬಂದ ಮೇಲೆ ಮೂರು ಯಂತ್ರ ಎದ್ದವು. ನಾಲ್ಕನೆಯದರಲ್ಲಿ ಪೋಸ್ಟ್‌ಗ್ರೆಸ್ ಏಳಲಿಲ್ಲ. ಸರಿಯಾದ ಚೆಕ್‌ಪಾಯಿಂಟ್ ಸಿಗ್ತಿಲ್ಲ ಅಂತ ಹೇಳಿ ಕೈಚೆಲ್ಲಿ ಕೂತಿತು. ಕೆಲವು ಪುಟ ಹೊಸದು, ಕೆಲವು ಹಳೇದು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದಕ್ಕೆ ಕ್ರಮವೇ ಇಲ್ಲ. ರಾತ್ರಿ ಮೂರರವರೆಗೆ ಏನೇನೋ ಮಾಡಿದೆ. ಕೈಯಾರೆ ತಗೊಂಡಿದ್ದ ಕೊನೆಯ ಬ್ಯಾಕಪ್ಪು ಒಂಬತ್ತು ದಿನ ಹಳೇದು.

ಬೆಳಿಗ್ಗೆ ಫೋನ್ ಮಾಡೋ ಧೈರ್ಯ ಆಗದೆ ಗಾಡಿ ಹತ್ತಿ ತಿಕೋಟಾಕ್ಕೇ ಹೋದೆ. ಕಾಕಾ ಚಹಾ ಕುಡೀತಿದ್ದ. ಹೇಳಿದೆ. ಬೈದಿದ್ರೆ ಚೆನ್ನಾಗಿರ್ತಿತ್ತು. ಬಸಿ ಕೆಳಗಿಟ್ಟು, "ಒಂಬತ್ತ ದಿನದ್ದಾ?" ಅಂತ ಕೇಳಿದ, ಅಷ್ಟೇ. ಎದ್ದು ಒಳಗೆ ಹೋಗಿ ಕೆಂಪು ಪುಸ್ತಕ ತಂದ. ಫೆಬ್ರವರಿಯ ಹಾಳೆಯಲ್ಲಿ ಬರಹ ನಿಂತಿತ್ತು, ನಾನು ನಿಲ್ಲಿಸಿದ ದಿನ.

ಹಮಾಲರು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಕ್ರೇಟು ಎಣಿಸಿ ಗೀಟು ಹಾಕ್ತಾರೆ, ಅದರಲ್ಲಿ ನಾಲ್ಕೈದು ದಿನದ್ದು ಉಳಿದಿತ್ತು. ಕೆಲವು ರೈತರು ತಮ್ಮ ತಮ್ಮ ಚೀಟಿ ಇಟ್ಟುಕೊಂಡಿದ್ರು. ಉಳಿದವರಿಗೆ ಕಾಕಾ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದ. ಅವರು ಹೇಳಿದ್ದನ್ನ ಬರೆದುಕೊಂಡ. ಬಬಲೇಶ್ವರದ ಕಡೆಯ ಒಬ್ಬ ಮುದುಕಿ ಮೊಮ್ಮಗನ ಬೈಕಿನ ಹಿಂದೆ ಕೂತು ತಾನೇ ಬಂದಳು. ಚೀಟಿ ಇಲ್ಲ, ಕಂಬದ ಮೇಲೂ ಇಲ್ಲ.

"ಎರಡನೂರಾ ಹನ್ನೆರಡ ಕ್ರೇಟ ಇದ್ದುವಪಾ."

"ತೂಕ ಎಷ್ಟ ಆಗಿತ್ತು ಯವ್ವಾ?"

"ತೂಕ ನಿಮ್ಮ ಹುಡುಗ ಫೋನಿನ್ಯಾಗ ಒತ್ತಿದ. ನಂಗೇನ ಗೊತ್ತು?"

ನನಗೆ ತಟ್ಟನೆ ಹೊಳೀತು. ಕ್ಯಾಮೆರಾ! ಅದರ ಯಂತ್ರಕ್ಕೆ ಏನೂ ಆಗಿಲ್ಲ, ರೆಕಾರ್ಡಿಂಗ್ ಎಲ್ಲಾ ಇದೆ. ಕಾಕಾನನ್ನ ಪಕ್ಕಕ್ಕೆ ಕರೆದು, "ಕ್ರೇಟ್ ಇಳಸೂದು ಕ್ಯಾಮೆರಾದಾಗ ಇರತೈತ್ರಿ, ಎಣಿಸಿ ನೋಡೂಣು" ಅಂದೆ. ಕಾಕಾ ನನ್ನ ಮುಖ ನೋಡಿದ. "ಲೆಕ್ಕ ಕಳಕೊಂಡಾವ್ರು ನಾವು. ಆಕೀನ್ನ ಯಾಕ ಎಣಸ್ತಿಯೋ?" ಅಂದು, ಕ್ರೇಟಿಗೆ ಇಷ್ಟು ಅಂತ ಹಿಡಿದು ಪುಸ್ತಕದಲ್ಲಿ ಬರೆದ. ಮುದುಕಿಗೆ ಚಹಾ ಕೊಟ್ಟು ಕಳಿಸಿದ. ಆ ರೆಕಾರ್ಡಿಂಗು ಹದಿನೈದು ದಿನಕ್ಕೆ ತಾನೇ ಅಳಿಸಿಹೋಗುತ್ತೆ. ನಾನು ನೋಡಲಿಲ್ಲ. ನೋಡಬೇಕು ಅನ್ನಿಸಿದ್ದು ಸುಳ್ಳಲ್ಲ.

ಮೂಲ ರೋಗ ಸಿಕ್ಕಿದ್ದು ಆಮೇಲೆ. ಈ ಸಲ ಅವಸರ ಮಾಡದೆ ಡಿಸ್ಕನ್ನೇ ಹಿಡಿದು ಕೂತೆ. ಎಫ್‌ಐಒ ಅನ್ನೋ ಸಾಧನದಿಂದ ಚೂರುಚೂರು ಬರೆಸುತ್ತಾ ಹೋದೆ. ಮೊದಲು ಚೆನ್ನಾಗೇ ಓಡ್ತು, ಸ್ವಲ್ಪ ಹೊತ್ತಿಗೆ ಧೊಪ್ಪಂತ ಬಿತ್ತು. ಸ್ಮಾರ್ಟ್‌ಸಿಟಿಎಲ್‌ನಲ್ಲಿ ನೋಡಿದ್ರೆ ತಿರುಗೋ ಡಿಸ್ಕಿಗೆ ಟ್ರಿಮ್ ಇದೆ ಅನ್ನುತ್ತೆ. ಟ್ರಿಮ್ ಇರಬೇಕಾದ್ದು ಎಸ್‌ಎಸ್‌ಡಿಗೆ! ಮಾಡೆಲ್ ನಂಬರ್ ಹಿಡಿದು ಹುಡುಕಿದಾಗ ಗೊತ್ತಾಯ್ತು, ಅದು ಎಸ್‌ಎಂಆರ್ ಡಿಸ್ಕು. ಡಬ್ಬದ ಮೇಲೆ ಎಲ್ಲೂ ಬರೆದಿರಲಿಲ್ಲ. 2020ರಲ್ಲಿ ದೊಡ್ಡ ದೊಡ್ಡ ತಯಾರಕರು ಹೀಗೆ ಹೇಳದೇ ಮಾರಿದ್ರು ಅಂತ ಜಗತ್ತಿನಾದ್ಯಂತ ಗದ್ದಲ ಆಗಿತ್ತು. ಓದಿದ್ದೆ ಕೂಡ, ಮರೆತಿದ್ದೆ.

ಎಸ್‌ಎಂಆರ್ ಅಂದ್ರೆ ಬರಹದ ಪಟ್ಟಿಗಳನ್ನ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಏರಿಸಿ ಜೋಡಿಸೋದು. ಜಾಗ ಉಳಿಯುತ್ತೆ, ಅಗ್ಗ. (ನಮ್ಮ ಕಡೆ ಎಲ್ಲಾ ಮಣ್ಣಿನ ಮಾಳಿಗೆ. ಶಿರಸಿ ಸಾಗರದವರಿಗೆ ಬೇಗ ತಿಳಿಯುತ್ತೆ.) ಹೊಸ ಹೆಂಚು ಸಾಲಾಗಿ ಹೊದಿಸ್ತಾ ಹೋದ್ರೆ ತೊಂದ್ರೆ ಇಲ್ಲ. ನಡುವಿನ ಒಂದು ಬದಲಾಯಿಸಬೇಕು ಅಂದ್ರೆ ಅದರ ಮೇಲಿನವನ್ನೆಲ್ಲ ತೆಗೆದು ಮತ್ತೆ ಜೋಡಿಸಬೇಕು. ಈ ಕಷ್ಟ ಮುಚ್ಚಿಡೋಕೆ ಡಿಸ್ಕಿನೊಳಗೆ ಒಂದಿಷ್ಟು ಮಾಮೂಲಿ ಜಾಗ ಇರುತ್ತೆ, ಮೊದಲು ಅಲ್ಲಿ ಬರೆದು, ಬಿಡುವಾದಾಗ ಒಳಗೆ ಜೋಡಿಸಿಕೊಳ್ಳುತ್ತೆ. ನಮ್ಮಲ್ಲಿ ಬಿಡುವೆಲ್ಲಿ? ಎರಡು ಕ್ಯಾಮೆರಾ ಹಗಲೂ ರಾತ್ರಿ ದಿನಕ್ಕೆ 43 ಜಿಬಿ ಸುರೀತವೆ, ಹಳೇದು ಅಳಿಸ್ತವೆ. ನನ್ನ ಬ್ಯಾಕಪ್ಪೂ ಅದೇ ಡಿಸ್ಕಿನಿಂದ ಓದಿ ಅದಕ್ಕೇ ಬರೀತಿತ್ತು. ಮೊದಲೆರಡು ವಾರ ಚೆನ್ನಾಗಿತ್ತು ಅಂದೆನಲ್ಲ, ಡಿಸ್ಕು ಇನ್ನೂ ಖಾಲಿ ಇತ್ತು, ಅದಕ್ಕೆ.

ಔಷಧ ದೊಡ್ಡದೇನಲ್ಲ. ಕ್ಯಾಮೆರಾಕ್ಕೆ ಬೇರೆ ಹಳೇ ಡಿಸ್ಕ್ ಕೊಟ್ಟೆ. ಲೆಕ್ಕದ ಯಂತ್ರವನ್ನ ಎರಡು ಎಸ್‌ಎಸ್‌ಡಿಗಳ ಮೇಲೆ ಜೋಡಿಯಾಗಿ ಇಟ್ಟೆ. ಕ್ಯಾಷ್ "ನನ್", ಅಂದ್ರೆ ಸುಳ್ಳು ಹೇಳೋ ಹಾಗಿಲ್ಲ. ಬ್ಯಾಕಪ್ ರಾತ್ರಿ ಒಂದಕ್ಕೆ ಶುರುವಾಗಿ ಹತ್ತು ನಿಮಿಷಕ್ಕೆ ಮುಗಿಯುತ್ತೆ, ಬೇರೆ ಡಿಸ್ಕಿಗೆ. ಯುಪಿಎಸ್‌ಗೆ ಹೊಸ ಬ್ಯಾಟರಿ, ಕರೆಂಟ್ ಹೋದ ಐದು ನಿಮಿಷಕ್ಕೆ ಯಂತ್ರಗಳು ತಾವೇ ಮರ್ಯಾದೆಯಿಂದ ಮಲಗ್ತವೆ. ಎಸ್‌ಎಂಆರ್ ಡಿಸ್ಕನ್ನ ಎಸೆದಿಲ್ಲ. ಅಪ್ಪನ ಕಡತ, ಫೋಟೋಗಳ ಪ್ರತಿ ಅದರಲ್ಲಿದೆ. ಒಂದು ಸಲ ಬರೆದು ಸುಮ್ಮನೆ ಇಡೋದಕ್ಕೆ ಒಳ್ಳೆಯದೇ.

ಮುಂದಿನ ಸುಗ್ಗಿಯಲ್ಲಿ ಶೆಡ್ಡಿಗೆ ಹೋದಾಗ ತಮ್ಮ ಫೋನಲ್ಲಿ ತೂಕ ಒತ್ತುತಿದ್ದ, ಒತ್ತಿದ ಕೂಡಲೇ ಹಸಿರು ಗುರುತು ಬೀಳ್ತಿತ್ತು. ಪಕ್ಕದಲ್ಲಿ ಕಾಕಾ ಕುರ್ಚಿ ಹಾಕ್ಕೊಂಡು ಕೂತು ಅದನ್ನೇ ಕೆಂಪು ಪುಸ್ತಕದಲ್ಲಿ ಬರೀತಿದ್ದ. ನಾನು ಏನೂ ಕೇಳಲಿಲ್ಲ. ಅವನೇ ತಲೆ ಎತ್ತದೆ, "ನಿಂದೂ ಇರ್ಲಿ, ನಂದೂ ಇರ್ಲಿ. ಆ ಕ್ರೇಟ ಈಕಡೆ ಸರಸು" ಅಂದ.