ಸೀತಾಫಲದ ಬುಟ್ಟಿಯ ತಳದ ಗರಸು

ಬೆಂಗಳೂರಿನ ರಸೆಲ್ ಮಾರುಕಟ್ಟೆಗೆ ಹೋಗುವುದಾದರೆ ಬೆಳಕು ಹರಿಯುವ ಹೊತ್ತಿಗೇ ಹೋಗಬೇಕು. ಆಮೇಲೆ ಶಿವಾಜಿನಗರದಲ್ಲಿ ಗಾಡಿ ನಿಲ್ಲಿಸುವ ಮಾತೇ ಇಲ್ಲ. ಅಕ್ಟೋಬರ್ ತಿಂಗಳು, ಸೀತಾಫಲದ ಕಾಲ. 1927ರಲ್ಲಿ ಕಟ್ಟಿದ, 2012ರ ಬೆಂಕಿಯಲ್ಲಿ ಬೆಂದು ಮತ್ತೆ ಎದ್ದ ಆ ಕಮಾನುಗಳ ಹೊರಗೆ ಹೆಂಗಸರು ಬುಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ನನ್ನ ಗೆಳೆಯ ಹಣ್ಣು ಒತ್ತಿ ನೋಡುವುದು ಬಿಟ್ಟು ಖಾಲಿ ಬುಟ್ಟಿಯೊಂದರ ತಳಕ್ಕೆ ಕೈ ಹಾಕಿದ. ಅವನು ಮಣ್ಣಿನ ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ಚಟ ಹೋಗುವುದಿಲ್ಲ.

"ಯಾವ ಕಡೇದಮ್ಮಾ ಇದು?"

"ಪಾವಗಡದ ಕಡೆ ಬೆಟ್ಟದ್ದು ಅಣ್ಣಾ. ತೋಟದ್ದಲ್ಲ, ಸಕ್ಕರೆ ಥರಾ ಇರುತ್ತೆ. ಮಣ್ಣಲ್ಲಿ ಏನ್ ಹುಡುಕ್ತೀರಾ, ಹಣ್ಣು ತಗೊಳ್ಳಿ."

ಅವನ ಅಂಗೈಯಲ್ಲಿದ್ದದ್ದು ಹುಡಿಮಣ್ಣಲ್ಲ, ಗರಸು. ಜೋಳದ ಕಾಳಿಗಿಂತ ಸಣ್ಣ, ಮೂಲೆ ಮೊನಚಾದ ಬೆಣಚುಕಲ್ಲಿನ ಚೂರು, ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಒಂದೆರಡು ಮಿನುಗುವ ಕಾಗೆಬಂಗಾರದ ಎಸಳು. ಪಕ್ಕದ ಅಂಗಡಿಯ ಗೆಣಸಿಗೆ ಮೆತ್ತಿದ್ದ ಮಣ್ಣನ್ನು ಅದರ ಜೊತೆ ಇಟ್ಟು ತೋರಿಸಿದ. ಅದು ಮಾಲೂರಿನ ಕಡೆಯದಂತೆ, ಬೆರಳಿಗೆ ಕುಂಕುಮದಂತೆ ಅಂಟುತ್ತಿತ್ತು. ಎರಡೂ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳೇ ಇರುವ ಕಲ್ಲಿನಿಂದ ಹುಟ್ಟಿದವು, ಒಂದು ಮಾಗಿದೆ, ಇನ್ನೊಂದು ಅರ್ಧದಲ್ಲೇ ನಿಂತಿದೆ ಎಂದ. ಯಾಕೆ ನಿಂತಿತು ಎಂದು ನೋಡಲು ಪಾವಗಡಕ್ಕೇ ಹೋಗೋಣ ಎಂದು ಹೊರಟೆವು. ಅವನ ಕಾರಿನ ಹಿಂಬದಿಯಲ್ಲಿ ಒಂದು ಹಾರೆ, ನೀರಿನ ಕ್ಯಾನು, ಮತ್ತು ನೀರು ಬೆರೆಸಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಸೀಸೆ ಸದಾ ಇರುತ್ತವೆ. ಸೀಸೆಗೆ ಮನೆಯೊಳಗೆ ಪ್ರವೇಶವಿಲ್ಲ, ಅವನ ಹೆಂಡತಿಯ ಕಟ್ಟಪ್ಪಣೆ.

ಹೆಬ್ಬಾಳ ದಾಟುವಾಗ ಎಡಕ್ಕೊಂದು, ಬಲಕ್ಕೊಂದು ಕೈ ತೋರಿಸುತ್ತಾ ಹೋದ. ಇಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಮುಂದೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಅಲ್ಲಿನ ಕೆಮ್ಮಣ್ಣಿಗೆ ಮಣ್ಣುಶಾಸ್ತ್ರಜ್ಞರು ಇಟ್ಟ ಹೆಸರು ವಿಜಯಪುರ ಸರಣಿ, ದೇವನಹಳ್ಳಿ ಪಕ್ಕದ ವಿಜಯಪುರದ್ದು. ರಾಜಾನುಕುಂಟೆ ಆಚೆ ರಸ್ತೆ ಅಗಲಿಸಲು ಕಡಿದ ದಿಬ್ಬದ ಬಳಿ ಕಾರು ನಿಲ್ಲಿಸಿದ. ಆಳೆತ್ತರದ ಕೆಂಪು ಗೋಡೆ. ಎಲ್ಲಿ ಕೆರೆದರೂ ಜಿಗುಟು. ಇಲ್ಲಿ ವರ್ಷಕ್ಕೆ ಸುಮಾರು 950 ಮಿ.ಮೀ. ಮಳೆ. ಅಷ್ಟು ನೀರು ಕಾಲಾಂತರದಲ್ಲಿ ಫೆಲ್ಡ್‌ಸ್ಪಾರನ್ನು ಜೇಡಿ ಮಾಡುತ್ತದೆ, ಕಬ್ಬಿಣವನ್ನು ತುಕ್ಕು ಹಿಡಿಸಿ ಕೆಂಪಾಗಿಸುತ್ತದೆ, ಸುಣ್ಣದ ಅಂಶವನ್ನು ತೊಳೆದು ಒಯ್ಯುತ್ತದೆ. ಆಮ್ಲದ ಎರಡು ಹನಿ ಬಿಟ್ಟ. ಸುಣ್ಣವಿದ್ದಿದ್ದರೆ ನೊರೆ ಬರಬೇಕಿತ್ತು. ಒದ್ದೆಯಾಯಿತು, ಅಷ್ಟೇ.

ದೊಡ್ಡಬಳ್ಳಾಪುರ, ಮಾಕಳಿ ಬೆಟ್ಟ, ಗೌರಿಬಿದನೂರು. ರಸ್ತೆ ಚೆನ್ನಾಗಿದೆ, ಊಟ ಚೆನ್ನಾಗಿರಲಿಲ್ಲ. ಗೌರಿಬಿದನೂರಿನ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಈಗ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಎನಿಸಿಕೊಂಡಿರುವ ಸಂಸ್ಥೆ 1965ರಲ್ಲಿ ಇಲ್ಲಿನ ಹೊಲಗಳ ನಡುವೆ ಭೂಕಂಪನ ಮಾಪಕಗಳ ಸಾಲು ಹೂಡಿತು. ಜಗತ್ತಿನ ಯಾವುದೋ ಮೂಲೆಯಲ್ಲಿ ಅಣುಬಾಂಬು ಪರೀಕ್ಷೆ ನಡೆದರೆ ಇಲ್ಲಿ ಗೊತ್ತಾಗಲಿ ಎಂದು. ಈ ಸೀಮೆಯಲ್ಲಿ ಮಣ್ಣಿನ ಹೊದಿಕೆ ತೆಳು, ಅದರಡಿಗೇ ಅಲುಗದ ಗಟ್ಟಿ ಬಂಡೆ. ರೈತ ಶಪಿಸುವ ಗುಣವೇ ವಿಜ್ಞಾನಿಗೆ ವರವಾಯಿತು.

ಹಿಂದೂಪುರಕ್ಕೆ ಬಂದರೆ ಆಂಧ್ರ, ಹುಣಸೆಹಣ್ಣಿನ ಮಂಡಿಗಳ ಊರು. ಅಲ್ಲಿಂದ ಮಡಕಶಿರಾ. ಬೋರ್ಡುಗಳೆಲ್ಲ ತೆಲುಗು, ಆದರೆ ಚಹಾ ಅಂಗಡಿಯಲ್ಲಿ ನಾವು ತೆಲುಗಿಗೆ ತಡಕಾಡುವಷ್ಟರಲ್ಲಿ "ಕನ್ನಡದಾಗೇ ಕೇಳ್ರಿ ಸಾಮಿ" ಎಂದರು. ಮಡಕಶಿರಾ ದಾಟಿ ಉತ್ತರಕ್ಕೆ ಹೋದರೆ ಮತ್ತೆ ಕರ್ನಾಟಕ. ಪಾವಗಡ ತಾಲ್ಲೂಕಿನ ಬಹುಪಾಲು ಗಡಿ ಆಂಧ್ರದ್ದೇ. ರಾಜ್ಯ ಮರುವಿಂಗಡಣೆ ಮಾಡಿದವರು ಮಣ್ಣಿನ ನಕ್ಷೆ ನೋಡಿ ಗೆರೆ ಎಳೆದಿದ್ದರೆ ಅನಂತಪುರ ಸೀಮೆ ಮತ್ತು ಪಾವಗಡವನ್ನು ಬೇರೆಯಾಗಿಯೇ ಬಿಡುತ್ತಿರಲಿಲ್ಲ ಅನಿಸಿತು.

ಪಾವಗಡದ ಕೋಟೆಬೆಟ್ಟ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿಗೆ ಸೇರಿದ್ದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಈ ಕಲ್ಲಿಗೆ ಉಳಿದುಕೊಂಡಿದೆ. ವಯಸ್ಸು ಸುಮಾರು 250 ಕೋಟಿ ವರ್ಷ, ರಾಮನಗರದಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೂ ಹಬ್ಬಿದೆ. ಬುಟ್ಟಿಯ ತಳದಲ್ಲಿ ಕಂಡ ಗುಲಾಬಿ ಚೂರುಗಳು ಇಲ್ಲಿ ಹೆಬ್ಬೆರಳಿನ ಗಾತ್ರದಲ್ಲಿ ಬಂಡೆಯೊಳಗೆ ಕೂತಿವೆ.

ಊರಿಂದ ಆಚೆ ಅಂಥದೇ ಇನ್ನೊಂದು ಗುಡ್ಡದ ಬುಡದಿಂದ ಇಳಿಜಾರಿನಲ್ಲಿ ನಡೆಯತೊಡಗಿದೆವು. ಮೊದಲಿಗೆ ಆನೆಗಾತ್ರದ ಗುಂಡುಗಳು, ಅವುಗಳ ಸಂದಿನಲ್ಲಿ ಸೀತಾಫಲ, ಕಾರೆ, ತಂಗಡಿ. ಗುಂಡಿನ ಮೈ ಮುಟ್ಟಿದರೆ ಗರಸು ಉದುರುತ್ತದೆ. ಕಪ್ಪು ಕಾಗೆಬಂಗಾರ ನೀರು ಹೀರಿ ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಹರಳುಗಳ ಹಿಡಿತ ಸಡಿಲಗೊಳ್ಳುತ್ತದೆ. ಕಲ್ಲು ಕರಗುವ ಮೊದಲೇ ಬಿಡಿಬಿಡಿಯಾಗಿ ಉದುರುತ್ತದೆ. ಜೇಡಿಯಾಗಲು ಬೇಕಾದಷ್ಟು ನೀರು ಸಿಗುವುದಿಲ್ಲ, ಇಲ್ಲಿ ಮಳೆ 550 ಮಿ.ಮೀ. ಆಸುಪಾಸು. ಬಂದರೆ ಒಮ್ಮೆಗೇ ಬಂದು ಗರಸನ್ನೆಲ್ಲ ಕೊರಕಲಿನ ಬಾಯಿಂದ ಕೆಳಗೆ ನೂಕುತ್ತದೆ. ಇಳಿಜಾರು ಕಡಿಮೆಯಾದಲ್ಲಿ ನೀರಿನ ಕಸುವು ಕುಂದಿ ದಪ್ಪನೆಯದು ಮೊದಲು ಕೂರುತ್ತದೆ, ಸಣ್ಣದು ಮುಂದೆ ಹೋಗುತ್ತದೆ.

ಮರುಭೂಮಿಗಳಲ್ಲಿ ಇದೇ ಕೆಲಸ ಭಾರಿ ಪ್ರಮಾಣದಲ್ಲಿ ನಡೆದು, ಕಣಿವೆಯ ಬಾಯಿಂದ ಬೀಸಣಿಗೆ ಬಿಚ್ಚಿದ ಆಕಾರದ ಮೆಕ್ಕಲು ಹರಡುತ್ತದೆ. ಕ್ಯಾಲಿಫೋರ್ನಿಯಾದ ಮೊಹಾವೆಯ ಗ್ರಾನೈಟ್ ಬೆಟ್ಟಗಳ ಬುಡದಲ್ಲಿ ಹಲವೆಡೆ ಇಂಥ ಬೀಸಣಿಗೆಗಳೇ. ಅಲ್ಲಿ ಬೆಟ್ಟಗಳ ನಡುವಿನ ನೆಲ ಕುಸಿಯುತ್ತಾ ಹೋದದ್ದರಿಂದ ಮೆಕ್ಕಲು ನೂರಾರು ಮೀಟರ್ ತುಂಬಿಕೊಂಡಿದೆ. ನಮ್ಮ ನೆಲ ಕುಸಿದಿಲ್ಲ. ಹಾಗಾಗಿ ಬಂಡೆಯ ಇಳಿಜಾರಿನ ಮೇಲೆ ತೆಳ್ಳಗೆ ಲೇಪಿಸಿದಷ್ಟೇ ಮಣ್ಣು. ಪಾವಗಡವನ್ನು ಮರುಭೂಮಿ ಎಂದು ಬರೆಯುವ ಪತ್ರಿಕೆಯವರ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಮರುಭೂಮಿಯ ಮಳೆ ಇದರ ಅರ್ಧವೂ ಇರುವುದಿಲ್ಲ. ಆದರೆ ಮಣ್ಣು ಮಾತ್ರ ಆ ದಿಕ್ಕಿಗೆ ಮುಖ ಮಾಡಿದೆ.

ಗೆಳೆಯ ಮೊದಲ ಗುಂಡಿ ತೋಡಿದ. ಮೊಣಕೈ ಆಳಕ್ಕೆ ಹಾರೆ ಠಣ್ ಎಂದಿತು. ಬರೀ ಗರಸು, ಉಂಡೆ ಕಟ್ಟಿದರೆ ನಿಲ್ಲದು. ಎರಡನೆಯದು ಕಡಲೆಕಾಯಿ ಹೊಲದ ಬದುವಿನಲ್ಲಿ. ಮೇಲೆ ಒಂದು ಗೇಣು ಮರಳು, ಅದರಡಿ ಕಡುಕೆಂಪು, ನೀರು ಚಿಮುಕಿಸಿ ಹೊಸೆದರೆ ಬತ್ತಿಯಾಗುತ್ತದೆ. ಮೇಲಿನ ಜೇಡಿ ಮಳೆನೀರಿನ ಜೊತೆ ಇಳಿದು ಅಲ್ಲಿ ಪದರಗಟ್ಟಿದೆ. ಇಷ್ಟು ದಪ್ಪ ಪದರ ಈಗಿನ ಮಳೆಯ ಕೆಲಸವಲ್ಲ, ಹಿಂದೆ ಇನ್ನೂ ತೇವವಾಗಿದ್ದ ಕಾಲದ್ದಿರಬೇಕು ಎಂಬುದು ಅವನ ಊಹೆ. ಮೊಹಾವೆಯ ಹಳೆಯ ಬೀಸಣಿಗೆಗಳ ಕೆಂಪು ಪದರಗಳಲ್ಲಿ ಹಲವನ್ನು ಹಿಮಯುಗದ ತೇವದ ಪಳೆಯುಳಿಕೆ ಎಂದೇ ವಿವರಿಸುತ್ತಾರೆ.

ಹೊಲದಲ್ಲಿ ಕಡಲೆಕಾಯಿ ಗಿಡ ಕೀಳುತ್ತಿದ್ದರು. ಈ ಮಣ್ಣು ಕಡಲೆಕಾಯಿಗೆ ಒಲಿದದ್ದು ಸಡಿಲವಾಗಿರುವುದಕ್ಕೆ. ಹೂವು ಮುಗಿದ ಮೇಲೆ ಗಿಡ ತನ್ನ ಮೊನೆಯನ್ನು ನೆಲಕ್ಕೆ ಚುಚ್ಚಿ ಕಾಯಿ ಕಟ್ಟಬೇಕಲ್ಲ. ಆದರೆ ಕೀಳುವ ಹೊತ್ತಿಗೆ ಹದ ಮಳೆ ತಪ್ಪಿದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಗಿಡವಷ್ಟೇ ಕೈಗೆ ಬರುತ್ತದೆ, ಕಾಯಿ ನೆಲದಲ್ಲೇ ಉಳಿಯುತ್ತದೆ. "ಮಳೆ ಬಂದ್ರೆ ಬೇಸಾಯ, ಇಲ್ಲಾಂದ್ರೆ ಅಗೆತ," ಎಂದು ಅವರಲ್ಲೊಬ್ಬ ಹೆಣ್ಣುಮಗಳು ಕುಡುಗೋಲಿನಿಂದ ಕಾಯಿ ಹೆಕ್ಕುತ್ತಾ ನಕ್ಕಳು.

ಮೂರನೆಯ ಗುಂಡಿ ಹಳ್ಳದ ಹತ್ತಿರ, ತಗ್ಗಿನಲ್ಲಿ. ಇಲ್ಲಿ ಬಣ್ಣ ಮಾಸಲು, ಮೊಣಕಾಲುದ್ದ ತೋಡಿದಾಗ ಬಿಳಿ ಹರಳುಗಳು ಕಂಡವು. ಗೆಳೆಯ ಸೀಸೆ ಬಿಚ್ಚಿದ. ಬುಸ್ ಎಂದು ನೊರೆ ಬಂತು. ಸುಣ್ಣದ ಹರಳು! ಬೆಂಗಳೂರಿನ ಮಳೆ ತೊಳೆದೊಯ್ಯುವ ಸುಣ್ಣವನ್ನು ಇಲ್ಲಿನ ಮಳೆ ಅರ್ಧ ದಾರಿಗೆ ತಂದು ಕೈಬಿಡುತ್ತದೆ. ನೀರು ಆರಿದಲ್ಲೇ ಸುಣ್ಣ ಗಂಟು ಕಟ್ಟುತ್ತದೆ. ಮಳೆ ಕಡಿಮೆಯಾದಷ್ಟೂ ಗಂಟು ಮೇಲಕ್ಕೆ ಬರುತ್ತದೆ. ಮಣ್ಣುಶಾಸ್ತ್ರಜ್ಞ ಲೀಲ್ಯಾಂಡ್ ಗೈಲ್ ಮತ್ತು ಜೊತೆಗಾರರು ನ್ಯೂ ಮೆಕ್ಸಿಕೊದ ಮರುಭೂಮಿ ಮಣ್ಣುಗಳಲ್ಲಿ ಸುಣ್ಣ ಹೀಗೆ ಕೂಡಿಕೊಳ್ಳುವುದನ್ನೇ ಅಭ್ಯಾಸ ಮಾಡಿ 1966ರಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಕಲ್ಲಿಗೆ ತೆಳು ಬಿಳಿ ಲೇಪ, ಕೊನೆಯದರಲ್ಲಿ ಹಾರೆ ಇಳಿಯದ ಸುಣ್ಣದ ಹಾಸು. ಗ್ರಾನೈಟಿನಲ್ಲಿ ಸುಣ್ಣ ಸ್ವಲ್ಪವೇ ಇರುವುದು, ನ್ಯೂ ಮೆಕ್ಸಿಕೊದ ಆ ಸುಣ್ಣದಲ್ಲಿ ಹೆಚ್ಚಿನ ಪಾಲು ಗಾಳಿಯ ದೂಳಿನಿಂದ ಬಂದದ್ದು.

ಬರೀ ಮಣ್ಣಿನ ಕುತೂಹಲವಾಗಿದ್ದರೆ ಇಲ್ಲಿಗೆ ಬಿಡಬಹುದಿತ್ತು. ಈ ಸುಣ್ಣಕ್ಕೂ ಊರಿನವರ ಹಲ್ಲಿಗೂ ನಂಟಿದೆ. ಗ್ರಾನೈಟಿನ ಕಾಗೆಬಂಗಾರದಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತದೆ. ಕ್ಯಾಲ್ಸಿಯಮ್ಮೆಲ್ಲ ಸುಣ್ಣದ ಗಂಟಾಗಿ ನೆಲದಲ್ಲಿ ಕೂತರೆ ಫ್ಲೋರೈಡಿಗೆ ತಡೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪಾವಗಡದ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟಿವೆ. ಕಂದು ಹಲ್ಲು, ಮಡಚಲಾಗದ ಮಂಡಿ ಇಲ್ಲಿ ಯಾರಿಗೂ ಹೊಸದಲ್ಲ.

ತಿರುಮಣಿಯ ಸೌರ ಪಾರ್ಕನ್ನು ಕಾರಿನಿಂದಲೇ ನೋಡಿದೆವು. ಸುಮಾರು 13,000 ಎಕರೆ, 2,050 ಮೆಗಾವಾಟ್, ಭೂಮಿ ರೈತರದೇ, ಗುತ್ತಿಗೆಗೆ ಕೊಟ್ಟದ್ದು. ಕಡಲೆಕಾಯಿ ಕೈಕೊಟ್ಟ ನೆಲದಲ್ಲಿ ಬಿಸಿಲಾದರೂ ಬಾಡಿಗೆ ತರುತ್ತಿದೆ.

ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ ಮರಳಾಗಿ ಮಲಗಿತ್ತು. ಸುಬ್ರಹ್ಮಣ್ಯನ ದರ್ಶನ ಮುಗಿಸಿ, ಊರಿಂದಾಚೆ ಕೆರೆಯಂಗಳದಲ್ಲಿ ಒಬ್ಬ ಅಜ್ಜ ಸಲಿಕೆ ಹಿಡಿದು ನಿಂತಿದ್ದ ಕಡೆ ಹೋದೆವು. ಅದು ತಲಪರಿಗೆ. ತುಮಕೂರಿನ ಈ ಒಣ ತಾಲ್ಲೂಕುಗಳ ಹಳೆಯ ನೀರಾವರಿ. ಗರಸಿನೊಳಗೆ ಇಳಿದ ಮಳೆ ಅಡಿಯ ಬಂಡೆಯ ಮೇಲೆ ಮೆಲ್ಲಗೆ ಜಾರುತ್ತಾ ಬಂದು ತಗ್ಗಿನಲ್ಲಿ ಉಕ್ಕುತ್ತದೆ, ಅಲ್ಲಿಂದ ಕಾಲುವೆ ತೋಡಿ ಹೊಲಕ್ಕೆ ಹರಿಸುತ್ತಾರೆ. ಮಣ್ಣು ಒರಟಾಗಿರುವುದರಿಂದಲೇ ಇದು ಸಾಧ್ಯ. ಕೊಳವೆಬಾವಿಗಳು ಆಳಕ್ಕಿಳಿದ ಮೇಲೆ ಬಹುಪಾಲು ತಲಪರಿಗೆಗಳು ಬತ್ತಿವೆ, ಮರಳು ಲಾರಿಗಳು ಉಳಿದದ್ದನ್ನು ಮುಗಿಸಿವೆ. ಇದರಲ್ಲಿ ಇನ್ನೂ ಅಂಗಾಲು ಮುಳುಗುವಷ್ಟು ನೀರಿತ್ತು.

ಅಜ್ಜನ ಕಣ್ಣು ಸೀಸೆಯ ಮೇಲೆ ಬಿತ್ತು. ಗೆಳೆಯ ಒಂದು ಸುಣ್ಣದ ಹರಳು ಇಟ್ಟು ಹನಿ ಬಿಟ್ಟು ತೋರಿಸಿದ. ನೊರೆ ಅಡಗುವವರೆಗೂ ನೋಡಿ ಅಜ್ಜ ಕೇಳಿದ, "ಈ ನೀರು ಹಾಕಿ ಉಜ್ಜಿದ್ರೆ ನನ್ನ ಹಲ್ಲೂ ಬೆಳ್ಳಗಾಯ್ತವೇನ್ ಸಾಮಿ?"

"ಬೇಡ ಅಜ್ಜ, ಹಲ್ಲೇ ಹೋಗುತ್ತೆ. ಆ ಕಲೆ ಚಿಕ್ಕಂದಿನಲ್ಲಿ ಕುಡಿದ ನೀರಿನದು, ಒಳಗಿಂದ ಬಂದದ್ದು. ಮೊಮ್ಮಕ್ಕಳಿಗೆ ಶುದ್ಧ ನೀರಿನ ಘಟಕದ್ದು ಕುಡಿಸಿ."

"ಅವರಿಗೆ ಅದೇ ತರೋದು, ಕಾಸು ಹಾಕಿ ಕ್ಯಾನಲ್ಲಿ. ಬೋರ್ ನೀರು ದನಕ್ಕೆ."

"ದನಕ್ಕೂ ಹಲ್ಲಿದಾವಲ್ಲ ಅಜ್ಜ."

"ಇದಾವೆ," ಎಂದ ಅಜ್ಜ, ಸಲಿಕೆಯಿಂದ ಕಾಲುವೆಯ ಬಾಯಿಗೆ ಅಡ್ಡವಾಗಿದ್ದ ಗರಸು ಎಳೆಯುತ್ತಾ. "ಅದಕ್ಕೇ ಇದನ್ನ ಬಿಡಿಸ್ತಾ ಇರೋದು."