ಗಡಿ ದಾಟುವ ಗಿರಾಕಿ, ದಾಟದ ಜಾಹೀರಾತು

ನಿಪ್ಪಾಣಿಯ ಚಪ್ಪಲಿ ಅಂಗಡಿಗಳಲ್ಲಿ ಗಿರಾಕಿ ಬಾಯಿ ಬಿಡುವ ಮೊದಲೇ ಅವನ ಭಾಷೆ ಮಾಲೀಕನಿಗೆ ತಿಳಿದಿರುತ್ತದೆ. ಚಿಕ್ಕೋಡಿ, ಸಂಕೇಶ್ವರದ ಕಡೆಯವರಾದರೆ ‘ಬರ್ರಿ, ಕೂಡ್ರಿ’. ಕಾಗಲ್, ಗಡಹಿಂಗ್ಲಜದವರಾದರೆ ‘ಯಾ, ಬಸಾ’. ದರ ಮರಾಠಿಯಲ್ಲಿ ಹೇಳುತ್ತಾನೆ, ಗೋದಾಮಿನ ಹುಡುಗನಿಗೆ ‘ಎಂಟನೇ ನಂಬರ್ ತಗೊಂಡ್ ಬಾ’ ಎಂದು ಕನ್ನಡದಲ್ಲಿ ಕೂಗುತ್ತಾನೆ, ಚೌಕಾಶಿ ಮಾತ್ರ ಎರಡೂ ಕೂಡಿದ ಭಾಷೆಯಲ್ಲಿ ನಡೆಯುತ್ತದೆ. ಕೌಂಟರಿನ ಮೇಲಿನ ಸೌಂಡ್‌ಬಾಕ್ಸ್ ಯುಪಿಐ ಹಣ ಬಂದದ್ದನ್ನು ಕನ್ನಡದಲ್ಲಿ ಸಾರಬೇಕೋ ಮರಾಠಿಯಲ್ಲೋ ಎನ್ನುವುದನ್ನೂ ಮಾಲೀಕನೇ ತೀರ್ಮಾನಿಸುತ್ತಾನೆ.

ಈಗ ಅದೇ ಅಂಗಡಿಯನ್ನು ಮೊಬೈಲಿನಲ್ಲಿ ಹುಡುಕಬೇಕು. ಹೆಚ್ಚಿನ ಸಲ ಕಾಣುವುದು ಇಷ್ಟೇ: ಯಾರೋ ದಾರಿಹೋಕರು ಗೂಗಲ್ ಮ್ಯಾಪಿಗೆ ಸೇರಿಸಿದ ಇಂಗ್ಲಿಷ್ ಹೆಸರು, ಎಂದೋ ಬದಲಾದ ಫೋನ್ ನಂಬರು, ಮುಚ್ಚಿದ ಶಟರಿನ ಒಂದು ಫೋಟೊ. ಕೌಂಟರಿನಲ್ಲಿ ಎರಡು ಭಾಷೆ ಸಲೀಸಾಗಿ ಆಡುವ ವ್ಯಾಪಾರಿ ಅಂತರಜಾಲಕ್ಕೆ ಬಂದ ಕೂಡಲೇ ಮೂಕನಾಗುತ್ತಾನೆ, ಇಲ್ಲವೇ ಏಜೆನ್ಸಿಯವರು ಬರೆದುಕೊಟ್ಟ ಇಂಗ್ಲಿಷಿನಲ್ಲಿ ಮಾತಾಡತೊಡಗುತ್ತಾನೆ. ಗಡಿಭಾಗದ ಸಣ್ಣ ವ್ಯಾಪಾರಕ್ಕೆ ಎರಡು ನಾಲಿಗೆಯೇ ಬಂಡವಾಳ. ಆನ್‌ಲೈನ್‌ಗೆ ಹೊರಟವರು ಅದನ್ನೇ ಮನೆಯಲ್ಲಿಟ್ಟು ಹೋಗುತ್ತಿದ್ದಾರೆ.

ಇದರ ಬೆಲೆ ಎಷ್ಟೆಂದು ತಿಳಿಯಲು ಕೊಲ್ಹಾಪುರಿ ಚಪ್ಪಲಿಗಿಂತ ಒಳ್ಳೆಯ ಉದಾಹರಣೆ ಬೇಡ. 2018-19ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಕೊಲ್ಹಾಪುರಕ್ಕೆ ಮಾತ್ರ ಸಿಕ್ಕಿದ್ದಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ — ಹೀಗೆ ಎಂಟು ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್, ಎರಡು ಸರಕಾರಿ ಚರ್ಮೋದ್ಯಮ ನಿಗಮಗಳು, ಇದರ ಜಂಟಿ ಒಡೆಯರು. ಕಾಗದದ ಮೇಲೆ ಗಡಿ ಅಳಿಸಿಹೋದ ಅಪರೂಪದ ಪ್ರಸಂಗವಿದು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೊಡಿಸಿ ಪುರುಷ ಮಾಡೆಲ್‌ಗಳನ್ನು ನಡೆಸಿತು, ಮೂಲದ ಹೆಸರು ಹೇಳಲಿಲ್ಲ. ಗದ್ದಲವೆದ್ದಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳಿಗೂ ಇದರ ಶ್ರೇಯಸ್ಸು ಸಲ್ಲಬೇಕೆಂದು ಸಚಿವ ಪ್ರಿಯಾಂಕ್ ಖರ್ಗೆ ಆಗ ನೆನಪಿಸಿದರು. ಪ್ರಾಡಾ ತನ್ನ ವಿನ್ಯಾಸಕ್ಕೆ ಭಾರತದ ಚಪ್ಪಲಿಯೇ ಸ್ಫೂರ್ತಿಯೆಂದು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ನಿಗಮಗಳ ಜತೆ ಒಪ್ಪಂದವಾಯಿತು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೊ.

ಆ ತಿಂಗಳುಗಳಲ್ಲಿ ಕುತೂಹಲದಿಂದ ಫೋನ್ ಕೈಗೆತ್ತಿಕೊಂಡ ಮುಂಬೈ, ಬೆಂಗಳೂರಿನ ಗಿರಾಕಿ ಹುಡುಕಿದ್ದು ‘ಕೊಲ್ಹಾಪುರಿ’ ಎಂದು. ಅಥಣಿಯೆಂದು ಹುಡುಕಲು ಅವನಿಗೆ ಅಥಣಿ ಗೊತ್ತಿರಬೇಕಲ್ಲ! ಕಷ್ಟಪಟ್ಟು ಹೊಲಿದವನ ಊರು ಹುಡುಕಾಟದಲ್ಲೇ ಇಲ್ಲವೆಂದಾದರೆ ಮಾರುವವನು ಮಧ್ಯದವನು. ಹಾಗೆಂದು ಅಥಣಿಯವರು ‘ಕೊಲ್ಹಾಪುರಿ’ ಎಂದು ಬರೆಯಲು ಹಿಂಜರಿಯಬೇಕಿಲ್ಲ. ನಿಯಮದ ಪ್ರಕಾರ ತಯಾರಿಸುವ ಎಂಟೂ ಜಿಲ್ಲೆಯ ಕುಶಲಕರ್ಮಿಗಳು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. 2020ರ ತಿದ್ದುಪಡಿಯ ನಂತರ ಆ ಅರ್ಜಿಯ ಶುಲ್ಕ 10 ರೂಪಾಯಿ. ಆಮೇಲೆ ಉತ್ಪನ್ನದ ವಿವರಣೆಯಲ್ಲಿ ‘ಕೊಲ್ಹಾಪುರಿ ಚಪ್ಪಲಿ, ಅಥಣಿಯಲ್ಲಿ ಕೈಯಿಂದ ಮಾಡಿದ್ದು’ ಎಂದು ಎರಡನ್ನೂ ಬರೆಯಬೇಕು. ಮೊದಲನೆಯದು ಗಿರಾಕಿಯನ್ನು ಕರೆತರುತ್ತದೆ, ಎರಡನೆಯದು ಅವನು ಮುಂದಿನ ಸಲ ನೇರ ಬರುವಂತೆ ಮಾಡುತ್ತದೆ. ಲಿಡ್‌ಕಾಮ್ ಚಪ್ಪಲಿಗೆ ಕ್ಯೂಆರ್ ಕೋಡ್ ಅಂಟಿಸಿ ತಯಾರಕರ ವಿವರ ತೋರಿಸಲು ಹೊರಟದ್ದೂ ಇದೇ ಕಾರಣಕ್ಕೆ.

ಚಪ್ಪಲಿಯೇ ಆಗಬೇಕೆಂದಿಲ್ಲ. ಶಹಾಪುರದ ಸೀರೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು, ಟೈಲರ್ ಅಂಗಡಿ, ಪಂಪ್‌ಸೆಟ್ ರಿಪೇರಿ, ಯಾವುದಾದರೂ ಮೊದಲ ಕೆಲಸ ಒಂದೇ: ಗೂಗಲ್ ಬಿಸಿನೆಸ್ ಪ್ರೊಫೈಲನ್ನು ತನ್ನ ಹೆಸರಿಗೆ ಮಾಡಿಕೊಳ್ಳುವುದು. ಇದು ಪೂರ್ತಿ ಉಚಿತ. ‘ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಅಂಗಡೀನ ಮೊದಲ ಸ್ಥಾನಕ್ಕೆ ತರ್ತೀವಿ, ಇಷ್ಟು ಕಟ್ಟಿ’ ಎಂದು ಫೋನ್ ಬಂದರೆ ಇಟ್ಟುಬಿಡಬೇಕು. ಸ್ಥಳೀಯ ಹುಡುಕಾಟದ ಫಲಿತಾಂಶದಲ್ಲಿ ಹಣಕ್ಕೆ ಸ್ಥಾನ ಸಿಗುವುದಿಲ್ಲವೆಂದು ಗೂಗಲ್ಲೇ ಹೇಳುತ್ತದೆ. ಅದು ನೋಡುವುದು ಮೂರನ್ನು: ಹುಡುಕಿದ ಮಾತಿಗೂ ಅಂಗಡಿಗೂ ಇರುವ ಸಂಬಂಧ, ದೂರ, ಅಂಗಡಿಯ ಹೆಸರುವಾಸಿ. ದೂರವನ್ನು ಬದಲಿಸಲಾಗದು. ಉಳಿದೆರಡು ಮಾಲೀಕನ ಕೈಯಲ್ಲಿವೆ.

ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರಷ್ಟೇ ಇರಬೇಕು. ‘ಬೆಸ್ಟ್ ಚಪ್ಪಲ್ ನಿಪ್ಪಾಣಿ ಹೋಲ್‌ಸೇಲ್ ದರ’ ಎಂದೆಲ್ಲ ತುರುಕಿದರೆ ಪ್ರೊಫೈಲ್ ಅಮಾನತಾಗುವ ಅಪಾಯವಿದೆ. ಸರಕಿನ ಹೆಸರುಗಳಿಗೆ ವಿವರಣೆಯ ಜಾಗವಿದೆ. ಅಲ್ಲಿ 750 ಅಕ್ಷರಗಳ ಮಿತಿಯೊಳಗೆ ಕನ್ನಡದ ನಾಲ್ಕು ಸಾಲು, ಮರಾಠಿಯ ನಾಲ್ಕು ಸಾಲು ಸುಲಭವಾಗಿ ಹಿಡಿಯುತ್ತವೆ. ತೆರೆಯುವ ಹೊತ್ತು, ವಾರದ ರಜೆ, ಒಳಗಿನ ಸರಕು ಕಾಣುವ ಫೋಟೊ, ಚಾಲ್ತಿಯ ಫೋನ್ ನಂಬರು, ಇವಿಷ್ಟು ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಗಿರಾಕಿ ಮರಾಠಿಯಲ್ಲಿ ವಿಮರ್ಶೆ ಬರೆದರೆ ಉತ್ತರ ಮರಾಠಿಯಲ್ಲೇ ಹೋಗಲಿ, ಕನ್ನಡದಲ್ಲಿ ಬರೆದರೆ ಕನ್ನಡದಲ್ಲಿ. ಕೌಂಟರಿನಲ್ಲಿ ಮಾಡುವುದೂ ಅದನ್ನೇ ತಾನೆ. ಆದರೆ ಒಳ್ಳೆಯ ವಿಮರ್ಶೆಗೆ ರಿಯಾಯಿತಿಯ ಆಮಿಷ ಒಡ್ಡುವುದನ್ನು ಗೂಗಲ್ ನಿಷೇಧಿಸಿದೆ.

ಬೀದಿಯ ಬೋರ್ಡಿಗೆ ಕಾನೂನಿದೆ. 2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡವಿರಬೇಕು. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯ ಪ್ರಕಾರ ದೇವನಾಗರಿ ಲಿಪಿಯ ಮರಾಠಿ ಕಡ್ಡಾಯ; ಅದನ್ನು ಜಾರಿಗೊಳಿಸಲು ಅಂಗಡಿಗಳಿಗೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಗಡುವು ಕೊಟ್ಟಿತು. ಕಾಗಲ್‌ನ ಬೋರ್ಡಿಗೊಂದು ಅಳತೆ, ನಿಪ್ಪಾಣಿಯ ಬೋರ್ಡಿಗೊಂದು. ಅಂತರಜಾಲದ ಪುಟಕ್ಕೆ ಈ ಅಳತೆಪಟ್ಟಿಯಿಲ್ಲ. ಹೀಗಾಗಿ ಅನೇಕರು ಸ್ವಂತ ವೆಬ್‌ಸೈಟ್ ಮಾಡಿಸುವಾಗ ಎರಡೂ ಭಾಷೆಗಳನ್ನು ಒಂದೇ ಪುಟದಲ್ಲಿ, ಸಾಲಿನ ಕೆಳಗೆ ಸಾಲಿಟ್ಟು ಬರೆಸುತ್ತಾರೆ. ಬೋರ್ಡಿಗೆ ಒಪ್ಪುವ ಈ ಕ್ರಮ ವೆಬ್‌ಸೈಟಿಗೆ ಒಪ್ಪುವುದಿಲ್ಲ. ಪುಟದ ಮೇಲೆ ಕಾಣುವ ಬರಹ ನೋಡಿಯೇ ಗೂಗಲ್ ಅದರ ಭಾಷೆ ಯಾವುದೆಂದು ನಿರ್ಧರಿಸುತ್ತದೆ. ಎರಡು ಭಾಷೆ ಅಕ್ಕಪಕ್ಕ ಕಂಡರೆ ಗೊಂದಲಕ್ಕೆ ಬೀಳುತ್ತದೆ. ಅದು ಕೊಡುವ ಸಲಹೆ ಸ್ಪಷ್ಟ: ಪ್ರತಿ ಭಾಷೆಗೂ ಬೇರೆ ಪುಟ, ಬೇರೆ ವಿಳಾಸ, ಒಂದರಿಂದ ಇನ್ನೊಂದಕ್ಕೆ ಹೋಗಲು ಕೊಂಡಿ. ಯಾವ ಪುಟ ಯಾವ ಭಾಷೆಯದೆಂದು ಗೂಗಲ್‌ಗೆ ಸೂಚಿಸುವ ಕೋಡಿಗೆ ಎಚ್‌ರೆಫ್‌ಲ್ಯಾಂಗ್ ಎಂದು ಹೆಸರು. ವೆಬ್‌ಸೈಟ್ ಮಾಡುವ ಹುಡುಗನಿಗೆ ‘ಎಚ್‌ರೆಫ್‌ಲ್ಯಾಂಗ್ ಹಾಕಿದ್ದೀಯಾ’ ಎಂದು ಕೇಳಿದರೆ ಅವನಿಗೆ ಅರ್ಥವಾಗಬೇಕು. ಆಗದಿದ್ದರೆ ಬೇರೆ ಹುಡುಗನನ್ನು ಹುಡುಕುವುದು ಮೇಲು.

ಇದರ ಜತೆಗೇ ಇನ್ನೊಂದು ಪೇಚಿದೆ. ಗಿರಾಕಿ ಇರುವ ಜಾಗ ನೋಡಿ ಪುಟದ ಭಾಷೆಯನ್ನು ತಾನಾಗಿಯೇ ಬದಲಿಸುವ ವ್ಯವಸ್ಥೆಯನ್ನು ಕೆಲವರು ಉತ್ಸಾಹದಿಂದ ಹಾಕಿಸುತ್ತಾರೆ. ಗಡಿಯಲ್ಲಿ ಅದು ನಡೆಯದು. ಈಚಿನ ಹಳ್ಳಿಯ ಫೋನು ಆಚಿನ ಟವರನ್ನು ಹಿಡಿಯುವುದು ಇಲ್ಲಿ ನಿತ್ಯದ ಸಂಗತಿ. ಒಂದು ಕಾಲಕ್ಕೆ ಮನೆಯಲ್ಲಿ ಕೂತೇ ರೋಮಿಂಗ್ ದರ ತೆತ್ತವರಿದ್ದಾರೆ. ಭಾಷೆಯ ಆಯ್ಕೆಯ ಗುಂಡಿ ಗಿರಾಕಿಯ ಕಣ್ಣಿಗೆ ಕಾಣುವಲ್ಲಿರಲಿ, ಒತ್ತುವುದು ಅವನಿಗೇ ಬಿಟ್ಟದ್ದು.

ಹೀಗೆ ಲಿಪಿಯ ಲೆಕ್ಕ ಸರಿಯಾದರೂ ಲಿಪಿಗೆ ಸಿಗದ ಗಿರಾಕಿಗಳು ಉಳಿಯುತ್ತಾರೆ. ಜತ್ತ, ಅಕ್ಕಲಕೋಟೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ. ಆ ಮನೆಯ ಹುಡುಗ ಕನ್ನಡದಲ್ಲಿ ಚೌಕಾಶಿ ಮಾಡುತ್ತಾನೆ, ಕನ್ನಡ ಅಕ್ಷರ ಓದಲಾರ. ಅವನು ಹುಡುಕುವುದು ದೇವನಾಗರಿಯಲ್ಲಿ, ಇಲ್ಲವೇ ರೋಮನ್ ಅಕ್ಷರದಲ್ಲಿ ಕನ್ನಡ ಬೆರಳಚ್ಚಿಸಿ, ಇಲ್ಲವೇ ಮೈಕ್ ಗುರುತು ಒತ್ತಿ ಬಾಯಿಂದಲೇ. ಗೂಗಲ್‌ನ ಧ್ವನಿ ಟೈಪಿಂಗಿಗೆ ಕನ್ನಡ ಬಂದದ್ದು 2017ರ ಆಗಸ್ಟಿನಲ್ಲಿ. ಮರಾಠಿಯೂ ಅದೇ ಕಂತಿನಲ್ಲಿ ಬಂತು. ಇಂಥ ಗಿರಾಕಿಯನ್ನು ತಲುಪಲು ಬರಹಕ್ಕಿಂತ ದನಿ ಒಳ್ಳೆಯದು. ಚರ್ಮ ಹದಮಾಡುವುದನ್ನು, ಎಳೆ ಹೆಣೆಯುವುದನ್ನು ತೋರಿಸುವ ಅರ್ಧ ನಿಮಿಷದ ರೀಲ್‌ಗೆ ಕನ್ನಡದ ಮಾತು, ಕೆಳಗೆ ದೇವನಾಗರಿಯಲ್ಲಿ ಮರಾಠಿ ಸಾಲು ಸೇರಿಸಿದರೆ ಜತ್ತವೂ ನೋಡುತ್ತದೆ, ಮೀರಜವೂ ನೋಡುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್ 2018ರ ಜನವರಿಯಲ್ಲಿ ಬಂತು. ಈಗ ಬಹುತೇಕ ಅಂಗಡಿಗಳಲ್ಲಿ ಇದೆ, ಬಳಕೆ ಮಾತ್ರ ‘ಗುಡ್ ಮಾರ್ನಿಂಗ್’ ಚಿತ್ರಕ್ಕೆ. ಅದರಲ್ಲಿ ಸರಕಿನ ಕ್ಯಾಟಲಾಗ್ ಮಾಡಬಹುದು, ಗಿರಾಕಿಗಳಿಗೆ ಲೇಬಲ್ ಅಂಟಿಸಬಹುದು, ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳಬಹುದು. ಗಡಿಯ ವ್ಯಾಪಾರಿಗೆ ಲೇಬಲ್ಲೇ ಮುಖ್ಯ. ಗಿರಾಕಿಯ ನಂಬರು ಉಳಿಸಿಕೊಳ್ಳುವಾಗಲೇ ‘ಕನ್ನಡ’, ‘ಮರಾಠಿ’ ಎಂದು ಗುರುತು ಹಾಕಿಟ್ಟರೆ ದೀಪಾವಳಿಯ ಹೊಸ ಮಾಲಿನ ಸಂದೇಶ ಸರಿಯಾದ ಭಾಷೆಯಲ್ಲಿ ಹೋಗುತ್ತದೆ. ‘ದರ ಎಷ್ಟು’, ‘ಸೈಜ್ ಹೇಗೆ ಅಳೀಬೇಕು’, ‘ಕಾಲಿಗೆ ಆಗದಿದ್ದರೆ ವಾಪಸ್ ತಗೋತೀರಾ’ ಎಂಬ ಮೂರು ಪ್ರಶ್ನೆಗೆ ಎರಡೂ ಭಾಷೆಯಲ್ಲಿ ಉತ್ತರ ಬರೆದಿಟ್ಟರೆ ದಿನಕ್ಕೆ ಎಷ್ಟೋ ಹೊತ್ತು ಉಳಿಯುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ ಹಿಡಿಯುವುದು 256 ಮಂದಿ. ಅದೂ ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ರಿ’ ಎನ್ನುವ ರೂಢಿ ಬೆಳೆಸಿಕೊಳ್ಳಬೇಕು.

ಹಣ ಕೊಟ್ಟು ಜಾಹೀರಾತು ಹಾಕುವವರು ಗಡಿಯಲ್ಲಿ ಬೀಳುವ ಗುಂಡಿ ಒಂದಿದೆ. ಎಲ್ಲಿ ತೋರಿಸಬೇಕೆಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೇಳುತ್ತವೆ. ಏಜೆನ್ಸಿಯವರು ‘ಕರ್ನಾಟಕ’ ಎಂದು ಒತ್ತಿಬಿಡುತ್ತಾರೆ. ಆಗ ನಿಪ್ಪಾಣಿಯ ಜಾಹೀರಾತು ಚಾಮರಾಜನಗರದಲ್ಲಿ ಓಡುತ್ತದೆ, ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ ಓಡುವುದಿಲ್ಲ. ರಾಜ್ಯದ ಬದಲು ನಕ್ಷೆಯ ಮೇಲೆ ಅಂಗಡಿಗೊಂದು ಗುರುತಿಟ್ಟು ಸುತ್ತ ವೃತ್ತ ಎಳೆಯುವ ಸೌಲಭ್ಯ ಅಲ್ಲೇ ಇದೆ, 80 ಕಿ.ಮೀ. ತನಕ. ನಿಪ್ಪಾಣಿಗೆ 40 ಕಿ.ಮೀ. ವೃತ್ತ ಹಾಕಿದರೆ ಕಾಗಲ್, ಕೊಲ್ಹಾಪುರ, ಗಡಹಿಂಗ್ಲಜ, ಸಂಕೇಶ್ವರ, ಚಿಕ್ಕೋಡಿ ಎಲ್ಲವೂ ಒಳಗೆ ಬರುತ್ತವೆ. ಭಾಷೆಯ ಆಯ್ಕೆಯನ್ನು ಖಾಲಿ ಬಿಡುವುದು ವಾಸಿ. ಮನೆಯಲ್ಲಿ ಅಚ್ಚ ಕನ್ನಡ ಆಡುವವರೂ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ. ಕನ್ನಡವೆಂದು ಒತ್ತಿದರೆ ಅವರೇ ತಪ್ಪಿಹೋಗಬಹುದು.

ಜಾಹೀರಾತು ಗಡಿ ದಾಟಿತು, ಆರ್ಡರ್ ಬಂತು. ಈಗ ತೆರಿಗೆಯ ಮಾತು. ಕಾಗಲ್‌ನ ಗಿರಾಕಿ ತಾನೇ ಬಂದು ಚಪ್ಪಲಿ ಮೆಟ್ಟಿಕೊಂಡು ಹೋದರೆ ಒಂದು ಲೆಕ್ಕ. ಅದೇ ಜೋಡಿಯನ್ನು ಅವನ ಮನೆಗೆ ಕುರಿಯರ್ ಮಾಡಿದರೆ ಅದು ಅಂತರರಾಜ್ಯ ಮಾರಾಟ. ಸರಕು ಮಾರುವ ಸಣ್ಣವರಿಗೆ ಜಿಎಸ್‌ಟಿ ನೋಂದಣಿಯಿಂದ ಇರುವ 40 ಲಕ್ಷ ರೂಪಾಯಿ ವಹಿವಾಟಿನ ವಿನಾಯಿತಿ ರಾಜ್ಯದೊಳಗಿನ ವ್ಯಾಪಾರಕ್ಕೆ. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳೂ ಇ-ಕಾಮರ್ಸ್ ತಾಣಗಳಲ್ಲಿ ಮಾರಬಹುದು, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಬೆಂಗಳೂರಿನ ವ್ಯಾಪಾರಿಗೆ ಇದರಿಂದ ಇಡೀ ರಾಜ್ಯ ಸಿಗುತ್ತದೆ. ನಿಪ್ಪಾಣಿಯವನಿಗೆ ಕೂಗಳತೆಯ ಗಿರಾಕಿಯೇ ಕೈತಪ್ಪುತ್ತಾನೆ. ಕೆಲವು ಕರಕುಶಲ ವಸ್ತುಗಳಿಗೆ ಪ್ರತ್ಯೇಕ ವಿನಾಯಿತಿ ಇದೆ. ತನ್ನ ಸರಕು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲ ಕುರಿಯರ್ ಕಳಿಸುವ ಮುಂಚೆಯೇ ತೆರಿಗೆ ಸಲಹೆಗಾರರಲ್ಲಿ ಕೇಳಿಕೊಳ್ಳಬೇಕು. ಚಪ್ಪಲಿಯವರಿಗೆ ಸಮಾಧಾನದ ಸುದ್ದಿಯೆಂದರೆ 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ತೆರಿಗೆ ಶೇ 5.

ಎಲ್ಲವನ್ನೂ ಒಂದೇ ಕಂಪನಿಯ ವೇದಿಕೆಯ ಮೇಲೆ ಕಟ್ಟುವುದೂ ಬೇಡ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಗಿರಾಕಿಗಳನ್ನು ಕೂಡಿಹಾಕಿದ್ದ ಸಣ್ಣ ವ್ಯಾಪಾರಿಗಳು ರಾತ್ರೋರಾತ್ರಿ ಬರಿಗೈಯಾದರು. ಬಿಸಿನೆಸ್ ಪ್ರೊಫೈಲ್ ಜತೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು 2024ರ ಮಾರ್ಚಿನಲ್ಲಿ ಅದೇ ಮುಚ್ಚಿತು. ಬಿಲ್ ಪುಸ್ತಕದ ಮೇಲೆ ಆ ವಿಳಾಸ ಅಚ್ಚು ಹಾಕಿಸಿದ್ದವರು ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಸ್ವಂತ ಹೆಸರಿನ ವೆಬ್ ವಿಳಾಸ ಮಾಲೀಕನ ಇಮೇಲ್‌ನಲ್ಲೇ ನೋಂದಣಿಯಾಗಿರಬೇಕು, ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಲ್ಲ. ಗಿರಾಕಿಗಳ ನಂಬರಿನ ಪಟ್ಟಿ ಒಂದು ವಹಿಯಲ್ಲೂ ಇರಲಿ.

ಈ ಅಂಕಣ ಓದುವ ವ್ಯಾಪಾರಿಗಳು ಈ ವಾರವೇ ಒಂದು ಕೆಲಸ ಮಾಡಲಿ. ಕೊಲ್ಹಾಪುರದ ನೆಂಟರೊಬ್ಬರಿಗೆ, ಬೆಳಗಾವಿಯ ಗೆಳೆಯರೊಬ್ಬರಿಗೆ ಫೋನ್ ಮಾಡಿ, ಅಂಗಡಿಯ ಹೆಸರು ಹೇಳದೆ ಬರೀ ಸರಕಿನ ಹೆಸರಿನಿಂದ ಹುಡುಕಲು ಹೇಳಿ: ಒಮ್ಮೆ ಕನ್ನಡದಲ್ಲಿ, ಒಮ್ಮೆ ದೇವನಾಗರಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ. ನಿಮ್ಮ ಅಂಗಡಿ ಯಾವುದರಲ್ಲಿ ಕಾಣುವುದಿಲ್ಲವೋ ಆ ಭಾಷೆಯ ನಾಲ್ಕು ಸಾಲನ್ನು ಮೊದಲು ಬರೆಯಿರಿ. ಅದಕ್ಕೂ ಮುಂಚೆ, ಅಲ್ಲಿ ಕಾಣುವ ಫೋನ್ ನಂಬರು ನಿಮ್ಮದೇ ಹೌದೋ ಎಂದು ನೋಡಿಕೊಳ್ಳಿ.